ಸ್ಕೂಟರ್ ಮೇಲೆ ಹೋಗೋ ಅಷ್ಟು ಚಿಕ್ಕ ಬೇಸ್ ಕ್ಯಾಬ್ ಯಾವ್ದು ತಗೊಳ್ಳಲಿ? (5 ತಂತಿ ಬೇಸ್, 4 ಓಮ್ / 8 ಓಮ್ ಗೊಂದಲನೂ ಇದೆ)

ದಪ್ಪತಂತಿ_ಮೈಸೂರು:

ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ ಒಂದು ರಸಮಂಜರಿ ತಂಡದಲ್ಲಿ ಬೇಸ್ ಗಿಟಾರ್ ನುಡಿಸ್ತೀನಿ, ಆರು ವರ್ಷ ಆಯ್ತು. ಇಷ್ಟು ದಿನ ನನ್ನ ಹತ್ರ 15 ಇಂಚಿನ ಸ್ಪೀಕರ್ ಇರೋ ಹಳೇ ಕಾಂಬೊ (ಆಂಪ್, ಸ್ಪೀಕರ್ ಎರಡೂ ಒಂದೇ ಡಬ್ಬಿಲಿರೋದು) ಇತ್ತು, ತೂಕ 38 ಕೆಜಿ. ನಮ್ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ನಂಜನಗೂಡೋ ಟಿ. ನರಸೀಪುರನೋ ಎಲ್ಲೋ ಪ್ರೋಗ್ರಾಮ್ ಮುಗಿಸ್ಕೊಂಡು ರಾತ್ರಿ ಎರಡು ಗಂಟೆಗೆ ಬಂದು ಅದನ್ನ ಹೊತ್ಕೊಂಡು ಮೆಟ್ಲು ಹತ್ತಬೇಕು, ಹೋದ ಗಣೇಶನ ಹಬ್ಬದ ಸೀಸನ್‌ನಲ್ಲಿ ಸೊಂಟ ಹಿಡ್ಕೊಂಡು ಹತ್ತು ದಿನ ಮಲಗಿಬಿಟ್ಟೆ, ನಾಲ್ಕು ಪ್ರೋಗ್ರಾಮ್ ಕೈತಪ್ಪಿ ಹೋಯ್ತು. ಆಮೇಲೆ ಅದನ್ನ ಮಾರಿ ಕ್ಲಾಸ್ ಡಿ ಹೆಡ್ (ಸ್ಪೀಕರ್ ಇಲ್ಲದ ಹಗುರವಾದ ಆಂಪ್) ತಗೊಂಡೆ, ಎರಡು ಕೆಜಿ ಕೂಡ ಇಲ್ಲ, 4 ಓಮ್‌ಗೆ 500 ವಾಟ್ 8 ಓಮ್‌ಗೆ 300 ವಾಟ್ ಅಂತ ಬರೆದಿದೆ (ಓಮ್ ಅಂದ್ರೆ ಸ್ಪೀಕರ್ ಕರೆಂಟಿಗೆ ಒಡ್ಡೋ ತಡೆ).

ಈಗ ಕ್ಯಾಬ್, ಅಂದ್ರೆ ಬರೀ ಸ್ಪೀಕರ್ ಇರೋ ಬಾಕ್ಸ್, ಬೇಕು. ಸ್ಕೂಟರ್‌ನಲ್ಲಿ ಮುಂದೆ ಗ್ಯಾಸ್ ಸಿಲಿಂಡರ್ ಇಟ್ಕೊಂಡು ಹೋಗ್ತೀವಲ್ಲ, ಆ ಜಾಗದಲ್ಲಿ ಕೂರಬೇಕು, ಒಂದೇ ಕೈಲಿ ಎತ್ತೋ ಹಾಗಿರಬೇಕು, ಅಂದ್ರೆ 15 ಕೆಜಿ ಒಳಗೆ. ಒಂದು ಅಂಗಡಿಯಲ್ಲಿ 2x10 (10 ಇಂಚಿನ ಸ್ಪೀಕರ್ ಎರಡು) ತಗೊಳ್ಳಿ ಅಂದ್ರು, ಇನ್ನೊಬ್ರು 2x8 ಸಾಕು ಅಂದ್ರು, ಇನ್ನೊಂದು ಕಡೆ 4 ಓಮ್ ತಗೊಂಡ್ರೆ ಮಾತ್ರ ಫುಲ್ ಪವರ್ ಬರೋದು 8 ಓಮ್ ವೇಸ್ಟ್ ಅಂದ್ರು. ನಂದು 5 ತಂತಿ, ಕೆಳಗಿನ ಬಿ ತಂತಿ ಸರಿಯಾಗಿ ಬರಬೇಕು ಅಂತ ಆಸೆ. ನಮ್ಮ ಏರಿಯಾದಲ್ಲೇ ಒಬ್ರು ಒಳ್ಳೇ ಬಡಗಿ ಇದಾರೆ, ಅವರ ಹತ್ರ ಬಾಕ್ಸ್ ಮಾಡಿಸಿ ಡ್ರೈವರ್ (ಒಳಗಿನ ಸ್ಪೀಕರ್) ಮಾತ್ರ ತರಿಸಿದ್ರೆ ಹೇಗೆ ಅಂತಾನೂ ಯೋಚನೆ ಇದೆ. ಈ ಸಲ ತಪ್ಪಾದ್ರೆ ಮತ್ತೆ ದುಡ್ಡು ಹೊಂದಿಸೋಕೆ ವರ್ಷ ಬೇಕು, ದಯವಿಟ್ಟು ತಿಳಿದೋರು ಹೇಳಿ.

ಕೆಳಸ್ಥಾಯಿ (ಬೆಂಗಳೂರು):

ಮೊದ್ಲು ಸೊಂಟ ನೋಡ್ಕೊಳಿ ಗುರುಗಳೇ. 38 ಕೆಜಿ ಮಾರಿದ್ದು ಸರಿಯಾದ ಕೆಲಸ.

ವಾಟ್ ನೋಡೋದನ್ನ ಬಿಟ್ಬಿಡಿ. ಕ್ಯಾಬ್ ಹಿಂದೆ 400 ವಾಟ್ 500 ವಾಟ್ ಅಂತ ಬರೆದಿರ್ತಾರಲ್ಲ ಅದು ಆ ಸ್ಪೀಕರ್‌ನ ಕಾಯಿಲ್ ಎಷ್ಟು ಬಿಸಿ ತಡ್ಕೊಳುತ್ತೆ ಅನ್ನೋ ಲೆಕ್ಕ, ಎಷ್ಟು ಜೋರಾಗಿ ಕೇಳುತ್ತೆ ಅನ್ನೋದಲ್ಲ. ನೋಡಬೇಕಾಗಿರೋದು ಸೆನ್ಸಿಟಿವಿಟಿ, 1 ವಾಟ್ ಕೊಟ್ರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಅಂತ. ಒಂದು ಕ್ಯಾಬ್ 94 ಇನ್ನೊಂದು 97 ಅಂತಿಟ್ಕೊಳಿ, ನೋಡೋಕೆ ಮೂರೇ ಮೂರು, ಆದ್ರೆ ಆ ಮೂರನ್ನ ತುಂಬಿಸೋಕೆ ಆಂಪ್ ಎರಡರಷ್ಟು ಪವರ್ ಕೊಡಬೇಕು. ಇದೇ ಲೆಕ್ಕದಲ್ಲಿ ನಿಮ್ಮ 300 ವಾಟ್‌ಗೂ 500 ವಾಟ್‌ಗೂ ಇರೋ ವ್ಯತ್ಯಾಸ ಎರಡು ಡೆಸಿಬಲ್ ಚಿಲ್ಲರೆ ಅಷ್ಟೇ, ಸ್ಟೇಜ್ ಮೇಲೆ ಗೊತ್ತೇ ಆಗಲ್ಲ. ಹಾಗಾಗಿ 8 ಓಮ್ ವೇಸ್ಟ್ ಅಂದವರ ಮಾತು ಕೇಳಬೇಡಿ. ಈಗ 8 ಓಮ್‌ದು ಒಂದು ತಗೊಳಿ, ಮುಂದೆ ದುಡ್ಡಾದಾಗ ಅದೇ ಮಾಡೆಲ್‌ದು ಇನ್ನೊಂದು ತಗೊಂಡು ಜೋಡಿಸಿದ್ರೆ ಎರಡೂ ಸೇರಿ 4 ಓಮ್ ಆಗುತ್ತೆ, ಆಗ ಆಂಪ್ ಪೂರ್ತಿ ಪವರ್ ಕೊಡುತ್ತೆ, ಸ್ಪೀಕರ್ ಕೂಡ ಡಬಲ್, ಆಗ ಬರೋ ಬದಲಾವಣೆ ನಿಜವಾಗ್ಲೂ ಎದೆಗೆ ತಟ್ಟುತ್ತೆ. ಮೊದಲೇ 4 ಓಮ್ ಕ್ಯಾಬ್ ತಗೊಂಡ್ರೆ ಎರಡನೇದು ಸೇರಿಸಿದಾಗ 2 ಓಮ್ ಆಗುತ್ತೆ, ಬಹಳಷ್ಟು ಕ್ಲಾಸ್ ಡಿ ಹೆಡ್‌ಗಳು ಅದನ್ನ ಒಪ್ಪಲ್ಲ, ದಾರಿ ಅಲ್ಲಿಗೇ ಮುಚ್ಚಿಹೋಗುತ್ತೆ.

ಈಗ ಬಿ ತಂತಿ ವಿಷ್ಯ. ಸ್ಪೀಕರ್ ಮಾಡೋರೆಲ್ಲ ಹಾಫ್‌ಮನ್ ನಿಯಮ ಅಂತ ಒಂದನ್ನ ಹೇಳ್ತಾರೆ: ಬಾಕ್ಸ್ ಚಿಕ್ಕದಿರಬೇಕು, ತುಂಬಾ ಕೆಳಗಿನ ಸ್ವರ ಬರಬೇಕು, ಕಮ್ಮಿ ಪವರ್‌ಗೆ ಜೋರಾಗಿ ಕೇಳಬೇಕು, ಈ ಮೂರರಲ್ಲಿ ಎರಡು ಸಿಗುತ್ತೆ, ಮೂರೂ ಸಿಗಲ್ಲ. ಯಾವ ಕಂಪನಿನೂ ಇದನ್ನ ದಾಟಿಲ್ಲ. ನಿಮ್ಮ ಇ ತಂತಿ 41 ಹರ್ಟ್ಜ್, ಬಿ ತಂತಿ 31 ಹರ್ಟ್ಜ್. ಆ 31 ಅನ್ನೋ ಮೂಲ ಸ್ವರವನ್ನೇ ಜೋರಾಗಿ ಹೊರಡಿಸೋ ಚಿಕ್ಕ ಕ್ಯಾಬ್ ಹುಡುಕ್ತಾ ಹೋದ್ರೆ ಆಯಸ್ಸು ಕಳೆದುಹೋಗುತ್ತೆ. ಅದರ ಅವಶ್ಯಕತೆನೂ ಇಲ್ಲ. ಆಂಪೆಗ್ ಕಂಪನಿ 1969ರಲ್ಲಿ ಎಸ್‌ವಿಟಿ ಅನ್ನೋ ಆಂಪ್ ಜೊತೆ ತಂದ ಆ ದೊಡ್ಡ 8x10 ಕ್ಯಾಬ್ ಇದೆಯಲ್ಲ, ಫ್ರಿಜ್ ಥರ ನಿಂತಿರುತ್ತೆ, 60 ಕೆಜಿ ಮೇಲೆ ತೂಕ, ರಾಕ್ ಬೇಸ್ ಅಂದ್ರೆ ಹೀಗಿರಬೇಕು ಅಂತ ಲೋಕವೇ ಒಪ್ಪಿರೋ ಸೌಂಡು, ಅದೇ 58 ಹರ್ಟ್ಜ್ ಹತ್ರನೇ ಇಳಿಯೋಕೆ ಶುರುವಾಗುತ್ತೆ! ನಾವು ದಪ್ಪ ಸೌಂಡ್ ಅನ್ನೋದು ಬಹುಪಾಲು 80ರಿಂದ 200 ಹರ್ಟ್ಜ್ ನಡುವೆ ಇರೋದು. ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಜೊತೆಗೇ ಹುಟ್ಟೋ ಮೇಲಿನ ಸ್ವರಗಳು) ಸ್ಪಷ್ಟವಾಗಿ ಕೇಳಿದ್ರೆ ಕೆಳಗಿನ ಮೂಲ ಸ್ವರವನ್ನ ಕಿವಿನೇ ತುಂಬಿಸಿಕೊಳ್ಳುತ್ತೆ. ಅದಕ್ಕೇ ಚಿಕ್ಕ ಕ್ಯಾಬ್ ಆರಿಸುವಾಗ "ಎಷ್ಟು ಕೆಳಗೆ ಹೋಗುತ್ತೆ" ಅನ್ನೋದಕ್ಕಿಂತ "ಮಿಡ್ (ನಡುವಿನ ಸ್ವರಗಳು) ಎಷ್ಟು ಸ್ವಚ್ಛವಾಗಿದೆ" ಅಂತ ಕೇಳಿ ನೋಡಿ.

ನನ್ನ ವೋಟು ನಿಯೋಡಿಮಿಯಮ್ ಮ್ಯಾಗ್ನೆಟ್ ಇರೋ 1x12, 8 ಓಮ್. ಅಗ್ವಿಲಾರ್ ಎಸ್‌ಎಲ್ 112 ಸುಮಾರು 11 ಕೆಜಿ ಅಷ್ಟೇ, ಆದ್ರೆ ಬೆಲೆ ಜಾಸ್ತಿ. ಫೆಂಡರ್ ರಂಬಲ್ 112, ಮಾರ್ಕ್‌ಬಾಸ್ ಇವುಗಳಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ರೆ ನೋಡಿ.

ಕುಡ್ಲ_ಬೇಸ್:

ಮೇಲಿನವರು ಹೇಳಿದ್ದೆಲ್ಲ ಸರಿ ಉಂಟು, ಆದ್ರೆ ನಾನು ಬೇರೆ ಒಂದು ಹೇಳ್ತೇನೆ ಆಯ್ತಾ. ಯಾವ ಕ್ಯಾಬ್ ಅನ್ನೋದಕ್ಕಿಂತ ಎಲ್ಲಿ ಇಡ್ತೀರಿ ಅನ್ನೋದು ದೊಡ್ಡ ವಿಷಯ ಮಾರಾಯ್ರೆ. ನಾನು ಮಂಗಳೂರಲ್ಲಿ ಮದುವೆ ರಿಸೆಪ್ಶನ್‌ಗೆ ಮತ್ತೆ ಇಗರ್ಜಿಯಲ್ಲಿ ನುಡಿಸೋದು, ನನ್ನದು 1x10, ಹತ್ತು ಕೆಜಿ ಕೂಡ ಇಲ್ಲ.

ಒಂದು ಹಾಲ್‌ನಲ್ಲಿ ಎಂತ ಆಯ್ತು ಅಂದ್ರೆ, ಸ್ಟೇಜ್ ಮರದ ಹಲಗೆದು, ಅಡಿಯಲ್ಲಿ ಖಾಲಿ. ಬಾಕ್ಸನ್ನ ಹಲಗೆ ಮೇಲೆಯೇ ಇಟ್ಟಿದ್ದೆ. ಓಪನ್ ಎ ತಂತಿ ಮುಟ್ಟಿದ ಕೂಡಲೇ ಇಡೀ ಸ್ಟೇಜ್ ಗುಂಯ್ ಅಂತ ಶುರು ಮಾಡ್ತಿತ್ತು, ಹಾಡುವವಳ ಕಾಲ ಹತ್ರ ಇದ್ದ ಬಾಟ್ಲಿ ನೀರು ನಡುಗೋದು ಕಾಣ್ತಿತ್ತು, ಆದ್ರೆ ನನಗೆ ನನ್ನ ಸ್ವರ ಯಾವುದು ಅಂತಲೇ ಕೇಳ್ತಿರಲಿಲ್ಲ. ಕೇಳ್ತಿಲ್ಲ ಅಂತ ನಾನು ವಾಲ್ಯೂಮ್ ಏರಿಸಿದೆ, ಬೇಸ್ ನಾಬ್ ಕೂಡ ತಿರುಗಿಸಿದೆ, ಅದು ಇನ್ನೂ ಕೆಟ್ಟಿತು. ಬ್ರೇಕ್‌ನಲ್ಲಿ ಅಡಿಗೆಯವರ ಹತ್ರ ಎರಡು ಖಾಲಿ ಸೋಡಾ ಕ್ರೇಟ್ ಕೇಳಿ ತಂದು ಒಂದರ ಮೇಲೊಂದು ಇಟ್ಟು ಅದರ ಮೇಲೆ ಬಾಕ್ಸ್ ಇಟ್ಟೆ. ಅಲ್ಲಿಗೆ ಮುಗೀತು! ಗುಂಯ್ ಹೋಯ್ತು, ಪ್ರತಿ ಸ್ವರ ಬಿಡಿಬಿಡಿಯಾಗಿ ಕೇಳ್ಲಿಕ್ಕೆ ಶುರು ಆಯ್ತು, ವಾಲ್ಯೂಮ್ ಅರ್ಧಕ್ಕೆ ಇಳಿಸಿದೆ. ಕಾರಣ ಇಷ್ಟೇ, ಕಾಲಿನ ಹತ್ರ ಇಟ್ಟ ಬಾಕ್ಸಿನ ಮಿಡ್ ಎಲ್ಲ ನಮ್ಮ ಮೊಣಕಾಲಿಗೆ ಬಡಿದು ಹೋಗ್ತದೆ, ಕಿವಿಗೆ ಬರೋದು ಲೋ ಮಾತ್ರ.

ಮತ್ತೆ ನಿಮ್ಮದು ರಸಮಂಜರಿ ಅಂತೀರಿ, ಅಲ್ಲಿ ಸೌಂಡ್ಸ್‌ನವರ ದೊಡ್ಡ ಸಬ್ (ಕೆಳಗಿನ ಸ್ವರಕ್ಕೆ ಅಂತಲೇ ಇರೋ ಸ್ಪೀಕರ್) ಇರ್ತದಲ್ಲ. ಹೆಡ್‌ನಿಂದ ಡಿಐ ಲೈನ್ (ಸೀದಾ ಅವರ ಮಿಕ್ಸರಿಗೆ ಹೋಗೋ ಲೈನ್) ಕೊಟ್ಬಿಡಿ, ಜನರಿಗೆ ಬಿ ತಂತಿ ಕೇಳಿಸೋ ಕೆಲಸ ಆ ಸಬ್‌ದು. ನಿಮ್ಮ ಕ್ಯಾಬ್ ನಿಮಗೆ ಮತ್ತು ನಿಮ್ಮ ಪಕ್ಕದವರಿಗೆ ಕೇಳಿದ್ರೆ ಆಯ್ತು. ಸ್ವಲ್ಪ ಲೋ ಬೇಕು ಅಂದ್ರೆ ಹಿಂದಿನ ಗೋಡೆಗೆ ಹತ್ರ ಇಡಿ, ಬೇಡ ಅಂದ್ರೆ ಮುಂದೆ ತನ್ನಿ.

ದಪ್ಪತಂತಿ_ಮೈಸೂರು:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಇಬ್ಬರಿಗೂ ತುಂಬಾ ಥ್ಯಾಂಕ್ಸ್. 8 ಓಮ್ ಅಂತ ಫಿಕ್ಸ್ ಆದೆ. ಡಿಐ ಕೊಡ್ತೀವಿ, ಆದ್ರೆ ಹಳ್ಳಿ ಕಡೆ ಚಿಕ್ಕ ಪ್ರೋಗ್ರಾಮ್‌ಗಳಲ್ಲಿ ಎರಡು ಟಾಪ್ ಸ್ಪೀಕರ್ ಬಿಟ್ರೆ ಸಬ್ ಇರಲ್ಲ, ಅಲ್ಲಿ ಜನಕ್ಕೆ ಕೇಳೋದೂ ನನ್ನ ಬಾಕ್ಸಿಂದನೇ. 2x8 ಆದ್ರೆ ಸ್ಪೀಕರ್ ಎರಡಿದೆ ಅಂತ 1x12ಗಿಂತ ಜೋರಿರುತ್ತಾ? ಬಡಗಿ ವಿಚಾರ ಯಾರೂ ಹೇಳಲಿಲ್ಲ.

ಬಾಕ್ಸ್‌ಮೇಸ್ತ್ರಿ (ಹುಬ್ಬಳ್ಳಿ):

ನಮಸ್ಕಾರ್ರಿ. ಹದಿನೈದು ವರ್ಷದಿಂದ ಸ್ಪೀಕರ್ ಬಾಕ್ಸ್ ಮಾಡೂದ ನನ್ನ ಕೆಲಸ, ಅದಕ್ಕ ಬಡಗಿ ವಿಚಾರ ನಾ ಹೇಳ್ತೀನಿ.

ಮೊದಲ 2x8 ಮುಗಸೂಣು. ಗಾಳಿ ದೂಡೂದು ಕೋನ್ ಐತಲ್ಲ, ಅದರ ಕ್ಷೇತ್ರಫಲ ಲೆಕ್ಕ ಹಾಕ್ರಿ. 8 ಇಂಚಿಂದು ಒಂದಕ್ಕ ಸುಮಾರು 215 ಚದರ ಸೆಂಟಿಮೀಟರ್, ಎರಡಾದ್ರ 430. 12 ಇಂಚಿಂದು ಒಂದ 520ರ ಮ್ಯಾಲೆ. 10 ಇಂಚಿನವು ಎರಡಾದ್ರ 700. ಎರಡು ಅದಾವು ಅಂದ ಮಾತ್ರಕ್ಕ ದೊಡ್ಡದಾಗೂದಿಲ್ರಿ. 8 ಇಂಚಿನ್ಯಾಗ ಮಿಡ್ ಚಂದ ಬರ್ತೈತಿ, ಅದು ಖರೇ, ಆದ್ರ ಸಬ್ ಇಲ್ಲದ ಹಳ್ಳಿ ಬಯಲಿನ್ಯಾಗ ಗೋಡಿನೂ ಇರೂದಿಲ್ಲ, ಅಲ್ಲಿ ಅದು ಸಾಲೂದಿಲ್ಲ. 2x10 ತಗೊಂಡ್ರ ನಿಲ್ಲಿಸಿ ಇಡ್ರಿ, ಅಡ್ಡ ಮಲಗಿಸಬ್ಯಾಡ್ರಿ. ಅಡ್ಡ ಇಟ್ರ ಬದಿಗೆ ನಿಂತವ್ರಿಗೆ ಮಿಡ್ ಒಂದ ಥರ ಕೇಳ್ತೈತಿ, ನಡಕ ನಿಂತವ್ರಿಗೆ ಇನ್ನೊಂದ ಥರ.

ಈಗ ಬಡಗಿ. ಮಾಡಸ್ರಿ, ಬ್ಯಾಡ ಅನ್ನೂದಿಲ್ಲ, ಆದ್ರ ಅಳತಿ ನೀವ ಕೊಡಬೇಕು. ಖಾಲಿ ಡಬ್ಬಿ ಮಾಡಿ ಸ್ಪೀಕರ್ ಕುಂದ್ರಿಸಿದ್ರ ಅದು ಕ್ಯಾಬ್ ಆಗೂದಿಲ್ಲ. ಪ್ರತಿ ಡ್ರೈವರಿಗೂ ಕಂಪನಿಯವ್ರು ಥೀಲ್-ಸ್ಮಾಲ್ ಅಂಕಿ (ಆ ಡ್ರೈವರಿನ ಗುಣ ಹೇಳೂ ಅಳತಿ) ಕೊಟ್ಟಿರ್ತಾರ, ಅವನ್ನ ವಿನ್‌ಐಎಸ್‌ಡಿ ಅನ್ನೂ ಪುಕ್ಕಟೆ ಸಾಫ್ಟ್‌ವೇರಿಗೆ ಹಾಕಿದ್ರ ಎಷ್ಟು ಲೀಟರ್ ಬಾಕ್ಸು, ಪೋರ್ಟ್ (ಬಾಕ್ಸಿನ ಗಾಳಿ ಆಡೂ ಕೊಳವಿ) ಎಷ್ಟು ಉದ್ದ ಅಂತ ತೋರಸ್ತೈತಿ. ಉದಾಹರಣೆಗೆ ಹೇಳ್ತೀನಿ, ಒಳಗ 45 ಲೀಟರ್ ಬಾಕ್ಸು, ಪ್ಲಂಬಿಂಗ್ ಅಂಗಡ್ಯಾಗ ಸಿಗೂ 110 ಎಂಎಂ ಪಿವಿಸಿ ಪೈಪ್ ಪೋರ್ಟು, ಅದು ಸುಮಾರು 14 ಸೆಂಟಿಮೀಟರ್ ಉದ್ದ ಇದ್ರ 50 ಹರ್ಟ್ಜ್‌ಗೆ ಟ್ಯೂನ್ ಆಕ್ಕೈತಿ. ನಾ ಹೊಸದಾಗಿ ಕಲಿಯೂ ಮುಂದ ಒಂದು ಬಾಕ್ಸಿಗೆ ಸಣ್ಣ ಪೈಪ್ ಹಾಕಿದ್ದೆ, ಜಾಗ ಉಳೀತದ ಅಂತ. ಜೋರ್ ನುಡಿಸಿದ್ರ ಪೈಪಿನ್ಯಾಗಿಂದ ಗಾಳಿ ಪುಸ್ ಪುಸ್ ಅಂತಿತ್ತು, ಗಿರಾಕಿ ವಾಪಸ್ ತಂದ, ಮುಂದಿನ ಹಲಗಿ ಪೂರಾ ಬದ್ಲಿ ಮಾಡಿ ಕೊಟ್ಟೆ.

ಪ್ಲೈ 18 ಎಂಎಂ ಹಾಕಿದ್ರ ತೂಕ ಆಕ್ಕೈತಿ. 12 ಎಂಎಂ ಬರ್ಚ್ ಪ್ಲೈ ತಗೊಂಡು ಒಳಗ ಅಡ್ಡಪಟ್ಟಿ ಬಡೀರಿ, ಅಷ್ಟ ಗಟ್ಟಿ ಇರ್ತೈತಿ, ಹಗುರ. ಎಂಡಿಎಫ್ ಬ್ಯಾಡ್ರಿ, ಭಾರ, ಮತ್ತ ಮಳಿ ನೀರು ಬಿತ್ತಂದ್ರ ಉಬ್ಬತೈತಿ. ತಗೊಳ್ಳೂ ಮುಂದ ಹಲಗಿನ ಬೆರಳ ಗೆಣ್ಣಿನಿಂದ ಬಡದು ಕೇಳ್ರಿ. ಎಲ್ಲೆ ಟೊಳ್ಳು ಸಪ್ಪಳ ಬರ್ತೈತೋ ಅಲ್ಲೆ ಒಳಗಿನ ಪದರಾ ಬಿಟ್ಟಿರ್ತೈತಿ, ನಾಳೆ ಅದ ಜಾಗಾ ಜುಂಯ್ ಅಂತೈತಿ. ಬಾಕ್ಸ್ ಮುಗದ ಮ್ಯಾಲೆ ಫೋನಿನ್ಯಾಗಿಂದ 70-80 ಹರ್ಟ್ಜ್ ಟೋನ್ ಸಣ್ಣಗ ಬಿಟ್ಟು, ಒಂದು ಊದಿನಕಡ್ಡಿ ಹಚ್ಚಿ ಎಲ್ಲಾ ಸಂದಿ ಹತ್ರ ಸಾವಕಾಶ ಹಿಡಕೊಂಡ ಹೋಗ್ರಿ, ಹೊಗಿ ಎಲ್ಲೆ ನಡುಗ್ತೈತೋ ಅಲ್ಲೆ ಗಾಳಿ ಸೋರಾಕತ್ತೈತಿ ಅಂತ ಅರ್ಥ. ಫೆವಿಕಾಲ್ ತುಂಬಿ ಮುಚ್ಚರಿ.

ಕನೆಕ್ಷನ್‌ಗೆ ಸ್ಪೀಕಾನ್ (ತಿರುವಿ ಲಾಕ್ ಮಾಡೂ ಸ್ಪೀಕರ್ ಪ್ಲಗ್) ಹಾಕ್ರಿ, ಮತ್ತ ಆಂಪಿನಿಂದ ಕ್ಯಾಬಿಗೆ ಗಿಟಾರ್ ಕೇಬಲ್ ಯಾವತ್ತೂ ಹಾಕಬ್ಯಾಡ್ರಿ, ಒಳಗಿನ ತಂತಿ ಸಣ್ಣದಿರ್ತೈತಿ, ಬಿಸಿಯಾಗಿ ಕೈಕೊಡ್ತೈತಿ, ಆಂಪಿಗೂ ಕುತ್ತು.

ಕೆಳಸ್ಥಾಯಿ (ಬೆಂಗಳೂರು):

ಮೇಸ್ತ್ರಿ ಸರ್, ಊದಿನಕಡ್ಡಿ ಉಪಾಯ ಬರೆದಿಟ್ಕೊಂಡೆ. ಒಂದು ಮಾತು ಸೇರಿಸ್ತೀನಿ. ಅವರು 50 ಹರ್ಟ್ಜ್ ಟ್ಯೂನಿಂಗ್ ಅಂದ್ರಲ್ಲ, ಅಂಗಡಿಲಿ ಸಿಗೋ ಚಿಕ್ಕ ಪೋರ್ಟೆಡ್ ಕ್ಯಾಬ್‌ಗಳೂ ಹೆಚ್ಚು ಕಮ್ಮಿ ಅಲ್ಲೇ ಸುತ್ತಮುತ್ತ ಇರ್ತವೆ. ಟ್ಯೂನಿಂಗ್‌ಗಿಂತ ತುಂಬಾ ಕೆಳಗಿನ ಸ್ವರ ಬಂದಾಗ ಬಾಕ್ಸ್ ಒಳಗಿನ ಗಾಳಿ ಕೋನ್‌ನ ಹಿಡಿದು ನಿಲ್ಲಿಸಲ್ಲ, ಕೋನ್ ಸುಮ್ನೆ ಹಿಂದೆ ಮುಂದೆ ಒದ್ದಾಡುತ್ತೆ, ಸೌಂಡ್ ಬರಲ್ಲ, ಸ್ಪೀಕರ್ ಹಾಳಾಗುತ್ತೆ. 5 ತಂತಿಯವರು ಇಲ್ಲೇ ಸ್ಪೀಕರ್ ಕಳ್ಕೊಳ್ಳೋದು. ನಿಮ್ಮ ಹೆಡ್‌ನಲ್ಲಿ ಹೈಪಾಸ್ ಫಿಲ್ಟರ್ (ತುಂಬಾ ಕೆಳಗಿನ ಸ್ವರ ಕತ್ತರಿಸೋದು) ಇದ್ರೆ 40 ಹರ್ಟ್ಜ್ ಹತ್ರ ಇಡಿ, ಇಲ್ಲ ಅಂದ್ರೆ ಒಂದು ಹೈಪಾಸ್ ಪೆಡಲ್ ತಗೊಳ್ಳಿ, ಬೇಸ್ ನಾಬ್ ಅಂತೂ ಮಧ್ಯಕ್ಕಿಂತ ಮೇಲೆ ತಿರುಗಿಸಬೇಡಿ.

ಬಡಗಿ ಹತ್ರ ಮಾಡಿಸೋದು ಮೊದಲನೇ ಕ್ಯಾಬ್‌ಗೆ ಬೇಡ ಅಂತ ನನ್ನ ಅನಿಸಿಕೆ. ಮೇಸ್ತ್ರಿಗಳ ಕೈಲಿ ಆಗೋದು ಬೇರೆ. ಕೇಳಿ ನೋಡ್ದೆ ಮಾಡಿಸಿದ್ದು ಇಷ್ಟ ಆಗ್ಲಿಲ್ಲ ಅಂದ್ರೆ ಮತ್ತೆ ಮಾರೋಕೂ ಆಗಲ್ಲ. ನಿಮ್ಮ ಬೇಸ್, ನಿಮ್ಮ ಹೆಡ್ ಎರಡನ್ನೂ ತಗೊಂಡೋಗಿ ಅಂಗಡಿಲಿ ನುಡಿಸಿ ನೋಡಿ. ಮನೆಲಿ ನುಡಿಸೋ ಜೋರಲ್ಲ, ಪ್ರೋಗ್ರಾಮ್ ಜೋರಲ್ಲಿ.

ದಪ್ಪತಂತಿ_ಮೈಸೂರು:

ಅಪ್‌ಡೇಟ್: ಹೋದ ವಾರ ಬೆಂಗಳೂರಿಗೆ ಹೋಗಿ ಮೂರು ಕ್ಯಾಬ್ ನುಡಿಸಿ ನೋಡಿದೆ. 2x8 ಅಂಗಡಿ ಒಳಗೆ ಮೊದ್ಲಿಗೆ ತುಂಬಾ ಚೆನ್ನಾಗಿತ್ತು, ವಾಲ್ಯೂಮ್ ಜಾಸ್ತಿ ಮಾಡ್ತಿದ್ದ ಹಾಗೆ ಬಿ ತಂತಿಲಿ ಮೂರನೇ ಫ್ರೆಟ್ ಕೆಳಗೆ ಹೋದ್ರೆ ಪಟಪಟ ಅನ್ನೋಕೆ ಶುರು ಮಾಡ್ತು. 2x10 ಅದ್ಭುತ, ಆದ್ರೆ 20 ಕೆಜಿ, ಸ್ಕೂಟರ್‌ನಲ್ಲಿ ಹ್ಯಾಂಡಲ್ ತಿರುಗಲ್ಲ. ಕೊನೆಗೆ ಸೆಕೆಂಡ್ ಹ್ಯಾಂಡ್ 1x12, 8 ಓಮ್, 13 ಕೆಜಿದು ತಗೊಂಡೆ. ಟ್ವೀಟರ್‌ಗೆ ಬೇರೆ ನಾಬ್ ಇದೆ, ಬೆರಳಲ್ಲಿ ನುಡಿಸೋದರಿಂದ ಅದನ್ನ ಕಾಲು ಭಾಗಕ್ಕೆ ಇಟ್ಟಿದೀನಿ.

ಶನಿವಾರ ಹಳ್ಳಿಲಿ ಪ್ರೋಗ್ರಾಮ್ ಇತ್ತು, ಸಬ್ ಇರಲಿಲ್ಲ. ಸೋಡಾ ಕ್ರೇಟ್ ಎರಡು ಮೊದಲೇ ಹೊಂದಿಸ್ಕೊಂಡಿದ್ದೆ. ಮೊದಲ ಎರಡು ಹಾಡು ಏನೋ ಕಲಸಿದ ಹಾಗೆ ಇತ್ತು, ಕ್ಯಾಬ್‌ದೇ ತಪ್ಪು ಅಂದ್ಕೊಂಡೆ, ಆಮೇಲೆ ಗೊತ್ತಾಯ್ತು, ನಮ್ಮ ಕೀಬೋರ್ಡ್‌ನವರು ಎಡಗೈಲಿ ನನ್ನ ಸ್ವರಗಳನ್ನೇ ಕೆಳಗಿನ ಆಕ್ಟೇವ್‌ನಲ್ಲಿ ಹಿಡಿದಿದ್ರು, ಇಷ್ಟು ವರ್ಷ ಆ 15 ಇಂಚಿನ ಗದ್ದಲದಲ್ಲಿ ಅದು ನಮಗಿಬ್ಬರಿಗೂ ಕೇಳಿರಲೇ ಇಲ್ಲ. ಎಡಗೈ ಸ್ವಲ್ಪ ಮೇಲೆ ತಗೊಳ್ಳಿ ಸರ್ ಅಂದೆ, ಮೂರನೇ ಹಾಡಿಂದ ಹಿಂದೆ ಕೂತಿದ್ದ ಪ್ಯಾಡ್ ಹುಡುಗ ನನ್ನ ನೋಡಿ ತಲೆ ಆಡಿಸ್ತಿದ್ದ, ಅವನಿಗೆ ನನ್ನ ಬೇಸ್ ಸರಿಯಾಗಿ ಕೇಳಿದ್ದು ಅದೇ ಮೊದಲಂತೆ. ರಾತ್ರಿ ಒಂದೂವರೆಗೆ ಮನೆಗೆ ಬಂದು ಒಂದೇ ಕೈಲಿ ಹಿಡ್ಕೊಂಡು ಮೆಟ್ಲು ಹತ್ತಿದೆ.

ಒಂದೇ ತೊಂದರೆ, ಜೋರಾಗಿ ನುಡಿಸಿದಾಗ ಕ್ರೇಟ್ ಪ್ಲಾಸ್ಟಿಕ್ ಗಡಗಡ ಅಂತಿತ್ತು. ಏನಾದ್ರೂ ಉಪಾಯ ಇದೆಯಾ?

ಕುಡ್ಲ_ಬೇಸ್:

ಹಳೇ ಯೋಗ ಮ್ಯಾಟ್ ಉಂಟಾ ಮನೆಯಲ್ಲಿ? ಕ್ರೇಟಿನ ಅಳತೆಗೆ ಎರಡು ತುಂಡು ಕತ್ತರಿಸಿ, ಒಂದು ಎರಡು ಕ್ರೇಟ್‌ಗಳ ನಡುವೆ, ಇನ್ನೊಂದು ಬಾಕ್ಸಿನ ಅಡಿಗೆ. ಬಾಕ್ಸಿನ ಅಡಿಗೆ ಹಾಕೋದನ್ನ ಎರಡು ಮಡಿಕೆ ಮಾಡಿ, ಇಲ್ಲದಿದ್ರೆ ಜಾರ್ತದೆ.