ಅಕ್ವೇರಿಯಂ ಅಂಗಡಿ ಒಳ್ಳೆಯದೋ ಅಲ್ಲವೋ ಅಂತ ತಿಳಿಯೋದು ಹೇಗೆ?

ಕೆರೆಯಂಗಳ (ಬೆಂಗಳೂರು):
ಎಲ್ಲರಿಗೂ ನಮಸ್ಕಾರ. ಟ್ಯಾಂಕ್ 3 ಅಡಿಯದು, ನೀರು ಸುಮಾರು 130 ಲೀಟರ್. ಮೀನು ಹಾಕದೆಯೇ ಸೈಕಲ್ (ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ಬೆಳೆಸುವುದು) ಮುಗಿಸಿದ್ದೇನೆ: ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 10ರ ಹತ್ತಿರ. ಕಾವೇರಿ ನೀರು, ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಪ್ರಮಾಣ) 200ರ ಆಸುಪಾಸು. 15 ನಿಯಾನ್ ಟೆಟ್ರಾ, 6 ಕೋರಿಡೋರಾಸ್, ಒಂದು ಜೋಡಿ ಡ್ವಾರ್ಫ್ ಗೌರಾಮಿ ತರುವ ಯೋಚನೆ. ಅರ್ಧ ಗಂಟೆ ದೂರದಲ್ಲಿ ನಾಲ್ಕು ಅಂಗಡಿಗಳಿವೆ, ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆ ಹೋದರೆ ಇನ್ನೂ ಸಿಗುತ್ತವೆ. ಗೂಗಲ್ ರೇಟಿಂಗ್ ಎಲ್ಲಕ್ಕೂ 4ರ ಮೇಲೆಯೇ, ಅದರಿಂದ ಏನೂ ಗೊತ್ತಾಗುತ್ತಿಲ್ಲ. ಒಳಗೆ ಹೋದ ಮೇಲೆ ಏನು ನೋಡಬೇಕು, ಏನು ಕೇಳಬೇಕು, ಏನು ಕಂಡರೆ ಬರಿಗೈಲಿ ವಾಪಸ್ ಬರಬೇಕು?

ನೀರ್ಗಂಟಿ:
ಯಾವಾಗ ಹೋಗುತ್ತೀರಿ ಅನ್ನುವುದೇ ಮೊದಲು. ಭಾನುವಾರ ಸಂಜೆ ಎಲ್ಲ ಅಂಗಡಿಯೂ ಚೆಂದವೇ. ವಾರದ ನಡುವೆ, ಬೆಳಿಗ್ಗೆ ಬಾಗಿಲು ತೆಗೆದ ಅರ್ಧ ಗಂಟೆಯೊಳಗೆ ಹೋಗಿ. ರಾತ್ರಿ ಸತ್ತ ಮೀನು ಆಗ ಇನ್ನೂ ಟ್ಯಾಂಕಿನಲ್ಲೇ ಇರುತ್ತವೆ. ಅಲ್ಲೊಂದು ಇಲ್ಲೊಂದು ಸತ್ತಿದ್ದರೆ ಗಾಬರಿ ಬೇಡ, ನೂರಾರು ಮೀನಿರುವ ಕಡೆ ಅದು ಇದ್ದದ್ದೇ. ಆದರೆ ಬೂಸು ಹಿಡಿದು, ಉಳಿದ ಮೀನುಗಳು ಕಿತ್ತು ತಿನ್ನುತ್ತಿರುವ ಹೆಣ ಕಂಡರೆ ಅದು ಆ ರಾತ್ರಿಯದಲ್ಲ. ಹಿಂದಿನ ದಿನವೂ ಯಾರೂ ಆ ಟ್ಯಾಂಕ್ ನೋಡಿಲ್ಲ ಅಂತ ಅರ್ಥ.

ನೀರಿನ ಬಣ್ಣ ನೋಡಿ. ನೀಲಿ ಇದ್ದರೆ ಮೆಥಿಲೀನ್ ಬ್ಲೂ, ಹಳದಿ ಹಸಿರು ಇದ್ದರೆ ಹೆಚ್ಚಾಗಿ ಆಕ್ರಿಫ್ಲೇವಿನ್. ಔಷಧಿ ಹಾಕಿದ್ದು ತಪ್ಪಲ್ಲ, ಹಾಕದೆ ಬಿಡುವ ಅಂಗಡಿಗಿಂತ ವಾಸಿ. ಆ ಟ್ಯಾಂಕಿನಿಂದಲೇ ಮೀನು ಹಿಡಿದು ಕೊಡುವುದು ತಪ್ಪು. "ಇದಕ್ಕೆ ಏನು ಹಾಕಿದ್ದೀರಿ, ಯಾವತ್ತಿನಿಂದ?" ಅಂತ ಕೇಳಿ. "ಇದು ಈಗ ಮಾರಾಟಕ್ಕಿಲ್ಲ, ಮುಂದಿನ ವಾರ ಬನ್ನಿ" ಅನ್ನುವವರ ಅಂಗಡಿಯನ್ನು ನೆನಪಿಟ್ಟುಕೊಳ್ಳಿ. "ಏನಿಲ್ಲ ಸರ್, ನೀರು ಕ್ಲಿಯರ್ ಆಗಲಿ ಅಂತ" ಅಂದರೆ ಅಲ್ಲಿಂದ ಹೊರಡಿ.

ಆಮೇಲೆ ಬಲೆ. ಒಂದೇ ಬಲೆಯನ್ನು ಎಲ್ಲ ಟ್ಯಾಂಕಿಗೂ ಅದ್ದುತ್ತಿದ್ದರೆ ಒಂದು ಟ್ಯಾಂಕಿನ ರೋಗ ಸಂಜೆಯೊಳಗೆ ಎಲ್ಲ ಟ್ಯಾಂಕಿನದೂ ಆಗುತ್ತದೆ. ಕೆಲವು ಕಡೆ ಬಲೆ ಅದ್ದಲು ಪೊಟ್ಯಾಸಿಯಂ ಪರ್ಮಾಂಗನೇಟ್ ಬಕೆಟ್ ಇಟ್ಟಿರುತ್ತಾರೆ. ಅದರ ನೀರು ನೇರಳೆ ಬಣ್ಣ ಇರಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಶಕ್ತಿ ಮುಗಿದಿದೆ, ಅದ್ದಿದರೂ ಒಂದೇ, ಬಿಟ್ಟರೂ ಒಂದೇ.

ಸೇವೆಯನ್ನು ಅಳೆಯಲು ನನ್ನ ಪ್ರಕಾರ ಒಂದೇ ಪರೀಕ್ಷೆ ಸಾಕು: ಅವರು ನಿಮಗೆ ಎಷ್ಟು ಪ್ರಶ್ನೆ ಕೇಳುತ್ತಾರೆ? ಟ್ಯಾಂಕ್ ಎಷ್ಟು ಲೀಟರ್, ನೀರು ತುಂಬಿಸಿ ಎಷ್ಟು ವಾರವಾಯಿತು, ಒಳಗೆ ಬೇರೆ ಏನಿದೆ, ಕಾವೇರಿಯೋ ಬೋರ್‌ವೆಲ್ಲೋ? ಇದನ್ನೆಲ್ಲ ಕೇಳದೆ ಕವರ್ ತುಂಬುವವರಿಗೆ ಮೀನು ಬದುಕುವುದು ಬೇಕಿಲ್ಲ. ಎರಡಿಂಚಿನ ಪಂಗಾಸಿಯಸ್ ಮರಿಯನ್ನು "ಶಾರ್ಕ್" ಅಂತ 2 ಅಡಿ ಟ್ಯಾಂಕಿಗೆ ಕೊಡುವುದು (ಅದು ಒಂದು ಮೀಟರ್ ದಾಟಿ ಬೆಳೆಯುವ ಜಾತಿ), ಕಾಮನ್ ಪ್ಲೆಕೋವನ್ನು "ಟ್ಯಾಂಕ್ ಕ್ಲೀನರ್" ಅನ್ನುವುದು, ಗೋಲ್ಡ್‌ಫಿಶ್ ಜೊತೆಗೆ ಗಾಜಿನ ಬೋಗುಣಿ ಮಾರುವುದು, ಇವೆಲ್ಲ ಅದೇ ಸಾಲಿನವು. ಇನ್ನು ನಕ್ಷತ್ರ ಆಮೆ ಇಟ್ಟಿದ್ದರೆ ಅದು ವನ್ಯಜೀವಿ ಕಾಯ್ದೆಯ ಅಪರಾಧ. ಅಂಥ ಕಡೆ ನಿಲ್ಲಲೇಬೇಡಿ.

ತುಂಗಾತೀರ:
ನಿಮ್ಮ ಪಟ್ಟಿಯ ಮೀನುಗಳ ಬಗ್ಗೆಯೇ ಹೇಳುತ್ತೇನೆ, ಯಾಕೆಂದರೆ ಪ್ರತಿ ಜಾತಿಗೂ ನೋಡಬೇಕಾದ ಜಾಗ ಬೇರೆ.

ನಿಯಾನ್: ಟ್ಯಾಂಕಿನ ಮುಂದೆ ಅಲ್ಲಾಡದೆ ಐದು ನಿಮಿಷ ನಿಲ್ಲಿ. ಗುಂಪಿನಿಂದ ದೂರ ಒಂಟಿಯಾಗಿ ಈಜುವವು, ಕೆಂಪು ಪಟ್ಟೆಯ ನಡುವೆ ಸುಣ್ಣ ಬಳಿದಂತೆ ಬಿಳಿಚಿದ ತುಂಡು, ಬೆನ್ನು ಡೊಂಕು, ಇಷ್ಟು ಕಂಡರೆ ಅದು ನಿಯಾನ್ ರೋಗ ಇರಬಹುದು. ಸ್ನಾಯುವಿನೊಳಗೆ ಬೆಳೆಯುವ ಪರಾವಲಂಬಿ, ಔಷಧಿ ಇಲ್ಲ. ಸತ್ತ ಮೀನನ್ನು ಉಳಿದವು ತಿಂದರೆ ಅವಕ್ಕೂ ದಾಟುತ್ತದೆ, ಹಾಗಾಗಿ "ಆರೋಗ್ಯವಾಗಿರೋದು ಆರಿಸಿ ಕೊಡ್ತೀನಿ" ಅನ್ನುವ ಮಾತಿಗೆ ಬೆಲೆಯಿಲ್ಲ. ಒಂದರಲ್ಲಿ ಕಂಡರೆ ಆ ಟ್ಯಾಂಕ್ ಪೂರ್ತಿ ಬಿಡಿ. ಬಾಯಿಯ ಸುತ್ತ ಹತ್ತಿಯಂಥ ಬಿಳಿ ಇದ್ದರೆ ಕಾಲಮ್‌ನಾರಿಸ್. ನೋಡಲು ಬೂಸಿನಂತಿದ್ದರೂ ಅದು ಬ್ಯಾಕ್ಟೀರಿಯಾ, ಬಿಸಿ ನೀರಲ್ಲಿ ಬೇಗ ಹರಡುತ್ತದೆ.

ಕೋರಿ (ಕೋರಿಡೋರಾಸ್): ಮೀಸೆ ನೋಡಿ. ಸವೆದು ಮೊಂಡಾಗಿದ್ದರೆ ತಳ ಕೊಳಕಾಗಿದೆ ಎಂದರ್ಥ. ಹೊಟ್ಟೆಯ ಅಡಿಭಾಗ ಕೆಂಪಾಗಿದ್ದರೆ ಬೇಡ. ಆಗಾಗ ಸರ್ರನೆ ಮೇಲೆ ಹೋಗಿ ಗಾಳಿ ಗುಟುಕರಿಸುವುದು ಅವುಗಳ ಸ್ವಭಾವ, ಅದನ್ನು ರೋಗ ಅಂದುಕೊಳ್ಳಬೇಡಿ. ಮೇಲೆಯೇ ನಿಂತುಬಿಟ್ಟರೆ ಮಾತ್ರ ನೀರಲ್ಲಿ ಆಮ್ಲಜನಕ ಕಡಿಮೆಯಿದೆ.

ಡ್ವಾರ್ಫ್ ಗೌರಾಮಿ: ಬಿಟ್ಟುಬಿಡಿ ಅನ್ನುವುದೇ ನನ್ನ ಸಲಹೆ. ಈ ಜಾತಿಯ ಸಾಕಣೆ ಮೀನುಗಳಲ್ಲಿ ಇರಿಡೋವೈರಸ್ ವ್ಯಾಪಕ. ಅಂಗಡಿಯಲ್ಲಿ ಲಕಲಕ ಹೊಳೆಯುತ್ತವೆ, ಮನೆಗೆ ಬಂದ ಮೇಲೆ ಬಣ್ಣ ಮಾಸಿ, ಮೈಯಲ್ಲಿ ಹುಣ್ಣಾಗಿ, ಮೂಲೆ ಸೇರುತ್ತವೆ. ಚಿಕಿತ್ಸೆಯೂ ಇಲ್ಲ. ಅದರ ಬದಲು ಹನಿ (honey) ಗೌರಾಮಿ ಕೇಳಿ. ಈ ವ್ಯತ್ಯಾಸವನ್ನು ಅಂಗಡಿಯವರೇ ತಾವಾಗಿ ಹೇಳಿದರೆ ಅವರಿಗೆ ವಿಷಯ ಗೊತ್ತಿದೆ.

ಮೊಬೈಲ್ ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿಯಿರಿ. ಮೈಮೇಲೆ ಉಪ್ಪು ಉದುರಿಸಿದಂತೆ ಇದ್ದರೆ ಬಿಳಿ ಚುಕ್ಕೆ ರೋಗ, ಚಿನ್ನದ ಧೂಳಿನಂತೆ ಇನ್ನೂ ನವಿರಾಗಿದ್ದರೆ ವೆಲ್ವೆಟ್ ರೋಗ. ವೆಲ್ವೆಟ್ ಟಾರ್ಚ್ ಇಲ್ಲದೆ ಕಾಣುವುದು ಕಷ್ಟ.

ಕುಡ್ಲದ_ಬಾವಿನೀರು:
ನೀರ್ಗಂಟಿಯವರೆ, ಬಲೆ ಬಗ್ಗೆ ಹೇಳಿದ್ದು ಸರಿ. ಆದರೆ ಈಗ ಹೊಸ ಅಂಗಡಿಗಳಲ್ಲಿ ಎಲ್ಲ ಟ್ಯಾಂಕಿಗೂ ಸೇರಿ ಕೆಳಗೆ ಒಂದೇ ಸಂಪ್ (ಫಿಲ್ಟರ್ ತೊಟ್ಟಿ) ಉಂಟಲ್ಲ, ಅಲ್ಲಿ ಬಲೆ ಎಷ್ಟು ತೊಳೆದರೂ ಏನು ಬಂತು? ನೀರೇ ಒಂದು. ಕೆರೆಯಂಗಳ ಅವರು ಮೊದಲು ಇದನ್ನು ಕೇಳಬೇಕು: ಪ್ರತಿ ಟ್ಯಾಂಕಿಗೆ ಬೇರೆ ಸ್ಪಂಜ್ ಫಿಲ್ಟರೋ, ಒಟ್ಟು ಸಂಪೋ? ಸ್ಪಂಜ್ ಆದರೆ ನೀವು ಕೊಳ್ಳುವ ಟ್ಯಾಂಕನ್ನು ನೋಡಿದರೆ ಸಾಕು. ಸಂಪ್ ಆದರೆ ಆ ಸಾಲಿನ ಎಲ್ಲ ಟ್ಯಾಂಕನ್ನೂ ನೋಡಬೇಕು.

ನೀರ್ಗಂಟಿ:
ಒಪ್ಪುತ್ತೇನೆ, ಆದರೆ ಸಂಪ್ ಇದ್ದ ಮಾತ್ರಕ್ಕೆ ಕೆಟ್ಟ ಅಂಗಡಿಯಲ್ಲ. ನೀರಿನ ಪ್ರಮಾಣ ಹೆಚ್ಚು, ಅಮೋನಿಯಾ ಬೇಗ ಏರುವುದಿಲ್ಲ, ಉಷ್ಣತೆ ಸ್ಥಿರ. ಯುವಿ ದೀಪವನ್ನು ತೋರಿಸಿ "ರೋಗವೇ ಬರಲ್ಲ" ಅಂದರೆ ಮಾತ್ರ ನಂಬಬೇಡಿ. ಯುವಿ ತನ್ನ ಮೂಲಕ ಹಾದುಹೋದ ನೀರಿನಲ್ಲಿರುವುದನ್ನಷ್ಟೇ ಕೊಲ್ಲುತ್ತದೆ. ಒಂದೇ ಟ್ಯಾಂಕಿನೊಳಗೆ ಮೀನಿಂದ ಮೀನಿಗೆ ಹಾರುವುದನ್ನು ತಡೆಯುವುದಿಲ್ಲ. ಇನ್ನೊಂದು ತೊಡಕು, ಸಂಪ್ ಇದ್ದಾಗ ಒಂದು ಟ್ಯಾಂಕಿಗೆ ಮಾತ್ರ ಔಷಧಿ ಹಾಕಲು ಆಗುವುದಿಲ್ಲ. ಹಾಗಾಗಿ ಕೇಳಬೇಕಾದ್ದು ಇಷ್ಟು: "ಹೊಸ ಲೋಡ್ ಬಂದಾಗ ಎಲ್ಲಿ ಇಡ್ತೀರಿ?" ಸಂಪ್‌ಗೆ ಸೇರದ ಬೇರೆ ಟ್ಯಾಂಕ್ ತೋರಿಸಿದರೆ ಒಳ್ಳೆಯ ಅಂಗಡಿ. ನೇರ ಸಾಲಿಗೆ ಬಿಡುತ್ತಾರೆ ಅಂದರೆ ಪ್ರತಿ ಲೋಡಿಗೂ ಹೊಸ ರೋಗ.

ಅಂಗಡಿ_ಕಡೆಯಿಂದ:
ಕೌಂಟರಿನ ಈ ಬದಿಯ ಲೆಕ್ಕವನ್ನೂ ಹೇಳಿದರೆ ನಿಮಗೆ ಅನುಕೂಲ. ಬೆಂಗಳೂರಿಗೆ ಬರುವ ಮೀನಿನಲ್ಲಿ ದೊಡ್ಡ ಪಾಲು ಚೆನ್ನೈನ ಕೊಳತ್ತೂರು ಕಡೆಯಿಂದ, ಒಂದಷ್ಟು ಕೋಲ್ಕತ್ತದಿಂದ. ಪ್ರಯಾಣದಲ್ಲಿ ಕವರಿನ ನೀರು ಕೆಡದಿರಲಿ ಅಂತ ಕಳಿಸುವ ಮುಂಚೆ ಉಪವಾಸ ಇಡುತ್ತಾರೆ. ಅಂದರೆ ಅಂಗಡಿ ತಲುಪುವ ಮೀನು ಹಸಿದು, ದಣಿದು, ರೋಗ ತಡೆಯುವ ಶಕ್ತಿ ಕುಗ್ಗಿ ಬಂದಿರುತ್ತದೆ. ಬಿಳಿ ಚುಕ್ಕೆ ಬಂದ ದಿನವೇ ಕಾಣುವುದಿಲ್ಲ. ನೀರು 28 ಡಿಗ್ರಿ ಇದ್ದರೆ ಒಂದು ವಾರದೊಳಗೆ ಹೊರಬರುತ್ತದೆ, ತಣ್ಣಗಿದ್ದರೆ ಇನ್ನೂ ತಡ. ಲೋಡ್ ಬಂದ ಸಂಜೆಯೇ ಕೊಂಡವರ ಮನೆಯಲ್ಲಿ ಅದು ಕಾಣಿಸಿಕೊಳ್ಳುತ್ತದೆ, ಒಂದು ವಾರ ಬಿಟ್ಟು ಕೊಂಡರೆ ಅಂಗಡಿಯಲ್ಲೇ ಕಾಣಿಸಿಕೊಳ್ಳುತ್ತದೆ.

ಆದ್ದರಿಂದ "ಈ ನಿಯಾನ್ ಯಾವತ್ತು ಬಂದದ್ದು?" ಅನ್ನುವುದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಏಳರಿಂದ ಹತ್ತು ದಿನ ಆಗಿರಬೇಕು. ಈಗಷ್ಟೇ ಬಂದಿದ್ದರೆ ಅರ್ಧ ದುಡ್ಡು ಅಡ್ವಾನ್ಸ್ ಕೊಟ್ಟು, "ಮುಂದಿನ ವಾರ ಒಯ್ಯುತ್ತೇನೆ, ಬದುಕಿ ಉಳಿದದ್ದರಲ್ಲಿ ಕೊಡಿ" ಅನ್ನಿ. ಒಪ್ಪುವ ಅಂಗಡಿಗೆ ಆ ಒಂದು ವಾರದ ಸಾವು, ಆಹಾರ, ಕರೆಂಟು ಎಲ್ಲ ತನ್ನ ಖರ್ಚು. ಅದಕ್ಕೇ ಅವರ ಮೀನಿಗೆ ಐದತ್ತು ರೂಪಾಯಿ ಜಾಸ್ತಿ ಇರುತ್ತದೆ. ಆ ದುಡ್ಡನ್ನು ಚೌಕಾಸಿ ಮಾಡಬೇಡಿ, ನೀವು ಕೊಳ್ಳುತ್ತಿರುವುದೇ ಆ ಒಂದು ವಾರವನ್ನು.

ನಿಮ್ಮೆದುರೇ ಆಹಾರ ಹಾಕಲು ಹೇಳಿ. ಚಿಟಿಕೆ ಹಾಕಿದ ಅರ್ಧ ನಿಮಿಷದಲ್ಲಿ ನುಗ್ಗಬೇಕು. ಬಾಯಿಗೆ ತೆಗೆದುಕೊಂಡು ಉಗುಳುವ, ಹಿಂದೆಯೇ ನಿಲ್ಲುವ ಮೀನು ಬೇಡ. "ಇವತ್ತೇ ಇಳಿಸಿದ್ದು, ಈಗ ಹಾಕಲ್ಲ" ಅಂದರೆ ಅದು ಪ್ರಾಮಾಣಿಕ ಉತ್ತರ, ಆದರೆ ಅವತ್ತು ಕೊಳ್ಳಬೇಡಿ.

ಗ್ಯಾರಂಟಿ ಬಗ್ಗೆ: ನಿಮ್ಮ ಟ್ಯಾಂಕಿನ ನೀರು ನೋಡದೆ ಯಾರೂ ಜವಾಬ್ದಾರಿ ಹೊರಲಾರರು. ಸತ್ತ ಮೀನಿನ ಜೊತೆ ಅರ್ಧ ಬಾಟಲಿ ಟ್ಯಾಂಕ್ ನೀರು ತಂದರೆ ಪರೀಕ್ಷೆ ಮಾಡಿ, ಅಮೋನಿಯಾ ಸೊನ್ನೆ ಇದ್ದರೆ ಬದಲಿ ಕೊಡುತ್ತೇವೆ ಅನ್ನುವ ಅಂಗಡಿ ಸಿಕ್ಕರೆ ಅದು ನ್ಯಾಯದ ಮಾತು. ಏನೂ ಕೇಳದೆ "ಸತ್ತರೆ ತನ್ನಿ, ಬೇರೆ ಕೊಡ್ತೀವಿ" ಅನ್ನುವವರು ನಿಮಗೆ ಅದೇ ಟ್ಯಾಂಕಿನ ಮೀನನ್ನೇ ಮತ್ತೆ ಕೊಡುತ್ತಾರೆ.

ಕೆರೆಯಂಗಳ:
ತುಂಬಾ ಉಪಯೋಗವಾಯಿತು. ಡ್ವಾರ್ಫ್ ಗೌರಾಮಿ ಕೈಬಿಟ್ಟೆ, ಹನಿ ಗೌರಾಮಿಯೇ ಸರಿ. ಪ್ಯಾಕಿಂಗ್ ಸರಿಯಾಗಿದೆಯೋ ಇಲ್ಲವೋ ಹೇಗೆ ತಿಳಿಯುವುದು? ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಹಿಡಿಯಬಹುದು.

ತುಂಗಾತೀರ:
ಕವರಿನಲ್ಲಿ ಮೂರನೇ ಒಂದು ಭಾಗ ನೀರು, ಉಳಿದದ್ದು ಆಮ್ಲಜನಕ ಇರಬೇಕು. ನೀರು ಜಾಸ್ತಿ ತುಂಬಿದರೆ ಮೀನಿಗೆ ಒಳ್ಳೆಯದು ಅನ್ನುವುದು ತಪ್ಪು, ಉಸಿರಿಗೆ ಬೇಕಾದ್ದು ಮೇಲಿನ ಜಾಗ. ಒಂದೂವರೆ ಗಂಟೆಗೆ ಬರೀ ಗಾಳಿ ತುಂಬಿದರೂ ನಡೆಯುತ್ತದೆ, ಸಿಲಿಂಡರ್ ಇದ್ದರೆ ಇನ್ನೂ ಒಳ್ಳೆಯದು. ಕವರಿನ ಮೂಲೆಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿರಬೇಕು, ಇಲ್ಲದಿದ್ದರೆ ಸಣ್ಣ ಮೀನು ಮೂಲೆಗೆ ಸಿಕ್ಕಿ ಜಜ್ಜಿಹೋಗುತ್ತವೆ. ಕೋರಿಗಳಿಗೆ ಜೋಡಿ ಕವರ್ ಕೇಳಿ, ಅವುಗಳ ರೆಕ್ಕೆಯ ಮುಳ್ಳು ಕವರ್ ತೂತು ಮಾಡುತ್ತದೆ. ಕೋರಿಯನ್ನೂ ನಿಯಾನನ್ನೂ ಒಂದೇ ಕವರಿಗೆ ಹಾಕಲು ಬಿಡಲೇಬೇಡಿ. ಹೆದರಿದ ಕೋರಿ ವಿಷ ಬಿಡುತ್ತದೆ, ಅಷ್ಟು ಕಡಿಮೆ ನೀರಲ್ಲಿ ಎಲ್ಲವೂ ಸಾಯಬಹುದು. ಬಲೆ ಆಡಿಸುವ ಕೈಯನ್ನೂ ಗಮನಿಸಿ: ಟ್ಯಾಂಕ್ ತುಂಬ ಅಟ್ಟಾಡಿಸುವವರು ಒಂದು ಕಡೆ, ಎರಡು ಬಲೆ ಹಿಡಿದು ಮೂಲೆಗೆ ಸರಿಸಿ ಒಂದೇ ಸಲಕ್ಕೆ ಎತ್ತುವವರು ಇನ್ನೊಂದು ಕಡೆ. ಕವರ್‌ಗಳನ್ನು ಪೇಪರಿನಲ್ಲಿ ಸುತ್ತಿಸಿ, ಬಿಸಿಲಿಗೆ ಇಡಬೇಡಿ.

ಮನೆಯಲ್ಲಿ ಲೈಟ್ ಆರಿಸಿ, ಕವರ್ ಬಿಚ್ಚದೆ 15–20 ನಿಮಿಷ ನೀರಿನ ಮೇಲೆ ತೇಲಿಬಿಡಿ. ಬಿಚ್ಚಿ, ಐದು ನಿಮಿಷಕ್ಕೊಮ್ಮೆ ಅರ್ಧ ಲೋಟ ನಿಮ್ಮ ನೀರು ಸೇರಿಸಿ, ಅರ್ಧ ಗಂಟೆ ಸಾಕು. ಬಲೆಯಲ್ಲಿ ಎತ್ತಿ ಬಿಡಿ, ಕವರಿನ ನೀರನ್ನು ಟ್ಯಾಂಕಿಗೆ ಸುರಿಯಬೇಡಿ. ಇದು ಹತ್ತಿರದ ಅಂಗಡಿಯಿಂದ ತಂದ ಮೀನಿಗೆ ಮಾತ್ರ. ರಾತ್ರಿಯಿಡೀ ಕವರಿನಲ್ಲಿ ಬಂದ ಪಾರ್ಸೆಲ್ ಮೀನಿಗೆ ಹೀಗೆ ನಿಧಾನ ಮಾಡಬಾರದು. ಮುಚ್ಚಿದ ಕವರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಅದರಿಂದ ಅಮೋನಿಯಾ ಅಷ್ಟಾಗಿ ಕಾಡುವುದಿಲ್ಲ. ಬಿಚ್ಚಿದ ಕೂಡಲೇ ಪಿಎಚ್ ಏರಿ ಅದೇ ಅಮೋನಿಯಾ ವಿಷವಾಗುತ್ತದೆ.

ವಿಜಯಪುರ_ಬೋರ್‌ವೆಲ್:
ಇಷ್ಟೆಲ್ಲ ಹೇಳಿದ್ರಿ, ಟಿಡಿಎಸ್ ಮೀಟರ್ ಮಾತ್ರ ಯಾರೂ ಹೇಳ್ಲಿಲ್ಲ. ಕಿಸೆದಾಗ ಇಟ್ಕೊಂಡು ಹೋಗ್ರಿ. ಅಂಗಡಿ ನೀರು ಎಷ್ಟೈತಿ ಅಂತ ನೋಡ್ರಿ. ನಿಮ್ದು 200, ಅವರ್ದು ಬೋರ್‌ವೆಲ್ 800 ಇದ್ರ, ಮೀನಿಗೆ ಅದು ದೊಡ್ಡ ಪೆಟ್ಟು. ಅಂಥಾ ಕಡೆ ಅರ್ಧ ತಾಸು ಸಾಲೂದಿಲ್ಲ, ಏರ್ ಪೈಪಿಗೆ ಗಂಟು ಹಾಕಿ ಹನಿ ಹನಿಯಾಗಿ ಒಂದೂವರೆ ಎರಡು ತಾಸು ಬಿಡಬೇಕು. ಟ್ಯಾಂಕರ್ ನೀರು ತರಿಸೋ ಅಂಗಡಿ ಇದ್ರ ಇನ್ನೂ ಕಷ್ಟ ರೀ, ಲೋಡಿಗೊಂದು ನೀರು. ನಮ್ಮ ಕಡೆ ನೀರು ಗಡಸು, ಇಲ್ಲಿ ಗಪ್ಪಿ, ಮೋಲಿ ಜಬರದಸ್ತ್ ಬೆಳೀತಾವ, ನಿಯಾನ್ ಒದ್ದಾಡ್ತಾವ.

ಕುಡ್ಲದ_ಬಾವಿನೀರು:
ನಮ್ಮಲ್ಲಿ ಅದರ ಉಲ್ಟಾ. ಮುರಕಲ್ಲಿನ ಬಾವಿ ನೀರು ಮೆದು, ಸ್ವಲ್ಪ ಹುಳಿ, ಮೋಲಿ ತಂದರೆ ನಾಲ್ಕು ದಿನಕ್ಕೆ ರೆಕ್ಕೆ ಮುದುಡಿಕೊಂಡು ನಿಂತಲ್ಲೇ ಓಲಾಡ್ತದೆ. ಅಂಗಡಿಯವರು ಅದಕ್ಕೆ ಔಷಧಿ ಮಾರಿದರೆ ತಪ್ಪು, ಬೇಕಾದ್ದು ಗಡಸುತನ. ಅದನ್ನು ಹೇಳಿ, ಮೂರು ಬಾಟಲಿ ಔಷಧಿಯ ವ್ಯಾಪಾರ ಕಳಕೊಳ್ಳುವವರ ಹತ್ತಿರವೇ ಕೊಳ್ಳಿ.

ನೀರ್ಗಂಟಿ:
ಎಷ್ಟೇ ಒಳ್ಳೆಯ ಅಂಗಡಿಯಾದರೂ ಮೀನನ್ನು ನೇರವಾಗಿ ದೊಡ್ಡ ಟ್ಯಾಂಕಿಗೆ ಬಿಡಬೇಡಿ. 40 ಲೀಟರಿನ ಪ್ಲಾಸ್ಟಿಕ್ ಟಬ್ಬು, ದೊಡ್ಡ ಟ್ಯಾಂಕಿನಲ್ಲಿ ಮೊದಲೇ ಓಡಿಸಿಟ್ಟ ಸ್ಪಂಜ್ ಫಿಲ್ಟರ್, ಅಡಗಲು ಎರಡು ಪಿವಿಸಿ ಪೈಪ್ ತುಂಡು, ತಳದಲ್ಲಿ ಕಲ್ಲು ಮರಳು ಏನೂ ಬೇಡ. ಮೂರರಿಂದ ನಾಲ್ಕು ವಾರ ಅಲ್ಲೇ ಇರಲಿ. ಇದೊಂದನ್ನು ಮಾಡಿದರೆ ಅಂಗಡಿ ಆರಿಸುವುದರಲ್ಲಿ ತಪ್ಪಿದರೂ ದೊಡ್ಡ ಟ್ಯಾಂಕ್ ಉಳಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಕೊಳ್ಳುವುದಾದರೆ ಟಬ್ಬಿಗೆ 50 ವ್ಯಾಟ್ ಹೀಟರ್ ಹಾಕಿ 26 ಡಿಗ್ರಿ ಇಡಿ, ಅಂಗಡಿಯ ಟ್ಯಾಂಕುಗಳಲ್ಲೂ ಥರ್ಮಾಮೀಟರ್ ಇದೆಯಾ ಅಂತ ನೋಡಿ. ಆ ತಿಂಗಳುಗಳಲ್ಲಿ ಬೆಂಗಳೂರಿನ ರಾತ್ರಿ ಚಳಿಗೆ ಹೀಟರ್ ಇಲ್ಲದ ಟ್ಯಾಂಕ್ ತಣ್ಣಗಾಗುತ್ತದೆ, ಬಿಳಿ ಚುಕ್ಕೆ ಜಾಸ್ತಿ ಹರಡುವುದೂ ಆಗಲೇ.

ಅಂಗಡಿ_ಕಡೆಯಿಂದ:
ಹೀಟರ್ ಕೊಳ್ಳುವಾಗ ಬಿಲ್ ಮೇಲೆ ಮಾಡೆಲ್, ತಾರೀಕು ಎರಡನ್ನೂ ಬರೆಸಿಕೊಳ್ಳಿ, ಅಂಗಡಿಯಲ್ಲೇ ಒಂದು ಬಕೆಟ್ ನೀರಲ್ಲಿ ಮುಳುಗಿಸಿ ಆನ್ ಮಾಡಿ ತೋರಿಸಲಿ. ಮೀನಿನ ಆಹಾರವನ್ನು ದೊಡ್ಡ ಡಬ್ಬದಿಂದ ಸಣ್ಣ ಕವರಿಗೆ ತುಂಬಿ ಮಾರುತ್ತಿದ್ದರೆ ತಯಾರಾದ ತಾರೀಕು ಇರುವುದಿಲ್ಲ, ವಿಟಮಿನ್ ಹೋಗಿರುತ್ತದೆ. ಸೀಲ್ ಇರುವ ಸಣ್ಣ ಡಬ್ಬವನ್ನೇ ಕೊಳ್ಳಿ.