ನಮ್ಮ ಮಕ್ಕಳಿಗೆ ರೈಲು, ರಸ್ತೆ, ಹಡಗಿನ ಕೆಲಸಗಳ ದಾರಿ ತೋರಿಸೋದು ಹೇಗೆ?

ಕುಂಬಳೆ ಗಣಿತ ಟೀಚರ್ (ಪ್ರಶ್ನೆ)

ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನನ್ನ ಹತ್ತನೇ ತರಗತಿಯಲ್ಲಿ ತುಳು, ಬ್ಯಾರಿ, ಮರಾಟಿ, ಕೊಂಕಣಿ ಮನೆಮಾತಿನವರೆಲ್ಲ ಇದ್ದಾರೆ. ಕೊರಗ ಬುಡಕಟ್ಟಿನವರ ಕಾಲನಿಯಿಂದ ಬರುವ ಮಕ್ಕಳೂ ಇದ್ದಾರೆ. ಮುಂದೆ ಏನಾಗ್ತೀರಿ ಅಂದರೆ ಹುಡುಗಿಯರದ್ದು ನರ್ಸ್, ಟೀಚರ್. ಹುಡುಗರದ್ದು ಪೊಲೀಸ್, ಇಲ್ಲವೇ ಗಲ್ಫ್. ಇತ್ತ ರೈಲು ಹಳಿ, ಅತ್ತ ಆರು ಪಥದ ಹೆದ್ದಾರಿ, ಆಚೆ ಕಡಲು. ಆದರೆ ಅಲ್ಲೆಲ್ಲ ಕೆಲಸ ಮಾಡುವವರು ಬೇರೆ ಎಲ್ಲಿಂದಲೋ ಬರುವ ಜನ ಅಂತಲೇ ಇವರ ಲೆಕ್ಕ.

ಇಬ್ಬರ ವಿಷಯ ಹೇಳುತ್ತೇನೆ. ಒಬ್ಬಳ ಅಪ್ಪ ರಿಕ್ಷಾ ಓಡಿಸುತ್ತಾರೆ. ರಿಕ್ಷಾ ಕೆಟ್ಟರೆ ಅಪ್ಪನ ಜೊತೆ ಕೂತು ಬಿಚ್ಚಿ ಜೋಡಿಸುವವಳು ಅವಳೇ. ಟ್ರೈನ್ ಎಂಜಿನ್ ಓಡಿಸ್ತೇನೆ ಅಂದಳು, ತರಗತಿಯೆಲ್ಲ ನಕ್ಕಿತು. ಅವಳ ಅಪ್ಪ ನಗಲಿಲ್ಲ, ಸಿಟ್ಟಾದರು. "ನಾನು ಹ್ಯಾಂಡಲ್ ಹಿಡಿದದ್ದು ಸಾಲದಾ ಟೀಚರ್?" ಅಂತ ಕೇಳಿದರು.

ಇನ್ನೊಬ್ಬ ಕಾಲನಿಯ ಹುಡುಗ. ಬೀಜಗಣಿತ ಅಂದರೆ ಮುಖ ತಿರುಗಿಸುತ್ತಾನೆ. ಆದರೆ ಕುಂಬಳೆ–ಬದಿಯಡ್ಕ–ಮುಳ್ಳೇರಿಯ ಲೈನಿನ ಬಸ್ಸುಗಳ ಸಮಯ ಪೂರ್ತಿ ಬಾಯಿಪಾಠ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಸಮಯ, ನೆಟ್ಟಗೆ ಊರುಗಳನ್ನು ಬರೆದು, ಯಾವ ಬಸ್ಸಿಗೆ ಯಾವ ಬಸ್ಸು ಎಲ್ಲಿ ಎದುರಾಗುತ್ತದೆ ಅಂತ ಗೆರೆ ಎಳೆದು ತೋರಿಸಿದ. ನಾನು ಹೇಳಿಕೊಟ್ಟದ್ದಲ್ಲ.

ಈ ಕೆಲಸಗಳಲ್ಲಿ ಇರುವವರು ಯಾರಾದರೂ ಹೇಳಿ. ಮಕ್ಕಳಿಗೆ ಏನು ಹೇಳಲಿ? ಅದಕ್ಕಿಂತ ಮೊದಲು, ಮನೆಯವರಿಗೆ ಏನು ಹೇಳಲಿ?

ಮಂಜೇಶ್ವರದ ಲೋಕೊ

ಟೀಚರೇ, ನಾನು ರೈಲ್ವೆಯ ಪಾಲಕ್ಕಾಡ್ ಡಿವಿಜನ್‌ನಲ್ಲಿ ಲೋಕೊ ಪೈಲಟ್, ಅಂದರೆ ಎಂಜಿನ್ ಓಡಿಸುವವ. ನಿಮ್ಮ ಮಂಗಳೂರು ಲೈನೂ ನಮ್ಮ ಡಿವಿಜನ್ನೇ.

ಆ ಹುಡುಗಿಯನ್ನು ಮೊದಲು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ. ತಮಾಷೆಯಲ್ಲ. ಎಂಜಿನ್‌ಗೆ ಹತ್ತುವವರಿಗೆ ಎ-1 ದರ್ಜೆಯ ಕಣ್ಣು ಬೇಕು. ಕನ್ನಡಕ ಇಲ್ಲದೆ ಎರಡೂ ಕಣ್ಣು 6/6. ಬಣ್ಣ ಗುರುತಿಸುವುದರಲ್ಲಿ ಸ್ವಲ್ಪವೂ ಲೋಪ ಇರಬಾರದು. ಲೇಸರ್ ಮಾಡಿಸಿ ಕನ್ನಡಕ ತೆಗೆಸಿದರೂ ನಡೆಯುವುದಿಲ್ಲ. ಚುಕ್ಕಿಗಳ ನಡುವೆ ಅಂಕಿ ಓದಿಸುವ ಬಣ್ಣದ ಪರೀಕ್ಷೆಗೆ ಐದು ನಿಮಿಷ ಸಾಕು. ಅದನ್ನು ಮಾಡಿಸದೆ ಐಟಿಐ ಓದಿ, ಪರೀಕ್ಷೆ ಪಾಸಾಗಿ, ಕಡೆಗೆ ಮೆಡಿಕಲ್‌ನಲ್ಲಿ ಮನೆಗೆ ಹೋದವರನ್ನು ನೋಡಿದ್ದೇನೆ.

ಕಣ್ಣು ಸರಿ ಇದ್ದರೆ ದಾರಿ ಸುಲಭ. ಎಸ್‌ಎಸ್‌ಎಲ್‌ಸಿ, ಆಮೇಲೆ ಎಲೆಕ್ಟ್ರಿಷಿಯನ್, ಫಿಟ್ಟರ್, ಡೀಸೆಲ್ ಮೆಕ್ಯಾನಿಕ್ ಹೀಗೆ ಯಾವುದಾದರೂ ಟ್ರೇಡಿನ ಐಟಿಐ. ವಿದ್ಯಾನಗರದಲ್ಲೇ ಸರಕಾರಿ ಐಟಿಐ ಇದೆ. ಡಿಪ್ಲೊಮಾ ಮಾಡಿದರೂ ಆಗುತ್ತದೆ. 18 ತುಂಬಿದ ಮೇಲೆ ಅಸಿಸ್ಟೆಂಟ್ ಲೋಕೊ ಪೈಲಟ್‌ಗೆ ಅರ್ಜಿ. ಕೇರಳದಲ್ಲಿ ಇದ್ದೇವೆ, ಮಲೆಯಾಳದಲ್ಲೇ ಬರೆಯಬೇಕು ಅಂತ ನಮ್ಮವರು ಹೆದರಿ ಕೂರುತ್ತಾರೆ. ರೈಲ್ವೆ ನೇಮಕಾತಿ ಪರೀಕ್ಷೆ 15 ಭಾಷೆಗಳಲ್ಲಿ ನಡೆಯುತ್ತದೆ, ಕನ್ನಡವೂ ಇದೆ. ಅರ್ಜಿಯಲ್ಲೇ ಭಾಷೆ ಆರಿಸಬೇಕು. ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಫಾರಂ ತುಂಬುವಾಗ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ. ಹುಡುಗಿಯರು, ಪರಿಶಿಷ್ಟ ಜಾತಿ-ಪಂಗಡದವರು, ಅಲ್ಪಸಂಖ್ಯಾತರು ಕಟ್ಟುವ 250 ರೂಪಾಯಿ, ಪರೀಕ್ಷೆಗೆ ಹಾಜರಾದರೆ ಬ್ಯಾಂಕ್ ಖರ್ಚು ಕಳೆದು ವಾಪಸ್ ಬರುತ್ತದೆ.

ಅಪ್ಪನಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಶುರು ಗೂಡ್ಸ್‌ನಿಂದ. ರಾತ್ರಿ ಎರಡಕ್ಕೂ ಡ್ಯೂಟಿಗೆ ಕರೆ ಬರುತ್ತದೆ. ಹಬ್ಬದ ದಿನ ಬೇರೆ ಊರಿನ ರನ್ನಿಂಗ್ ರೂಮಿನಲ್ಲಿ, ಅಂದರೆ ರೈಲ್ವೆಯ ವಿಶ್ರಾಂತಿ ಕೋಣೆಯಲ್ಲಿ, ಮಲಗಿರಬೇಕಾಗುತ್ತದೆ. ಹಳೆಯ ಎಂಜಿನ್‌ಗಳಲ್ಲಿ ಶೌಚಾಲಯ ಇರಲಿಲ್ಲ, ಈಗೀಗ ಹಾಕುತ್ತಿದ್ದಾರೆ. ಹೆಂಗಸರಿಗೆ ಇದು ದೊಡ್ಡ ಕಷ್ಟ, ಮುಚ್ಚಿಡಬೇಡಿ. ಸಂಬಳದ ವಿಷಯ ಮಾತ್ರ ಅವರು ತಾವಾಗಿ ವಿಚಾರಿಸಲಿ. ಆಮೇಲೆ ಅವರೇ ನಿಮಗೆ ಫೋನ್ ಮಾಡುತ್ತಾರೆ.

ಅಂದಹಾಗೆ ಆ ಬಸ್ಸಿನ ಗ್ರಾಫ್ ಇದೆಯಲ್ಲ, ನಮ್ಮ ಕಂಟ್ರೋಲ್ ಆಫೀಸಿನ ಚಾರ್ಟ್ ಅದೇ ಥರ. ಯಾವ ಗಾಡಿಯನ್ನು ಎಲ್ಲಿ ನಿಲ್ಲಿಸಿ ಯಾವುದನ್ನು ಮುಂದೆ ಬಿಡಬೇಕು ಅಂತ ಗೆರೆ ನೋಡಿ ತೀರ್ಮಾನಿಸುತ್ತಾರೆ. ಸೆಕ್ಷನ್ ಕಂಟ್ರೋಲರ್ ಅಂತ ಹುದ್ದೆ. ಹುಡುಗನ ಆ ಹಾಳೆ ಬಿಸಾಡಬೇಡಿ.

ಉದುಮದ ಸೀಮನ್

ಕಾಸರಗೋಡು ಜಿಲ್ಲೆಯ ತೆಂಕು ಭಾಗದಲ್ಲಿ, ನಮ್ಮ ಕೋಟಿಕುಳಂ ಸುತ್ತಮುತ್ತ, ಹಡಗಿನವರು ಇರುವ ಮನೆ ಎಷ್ಟು ಬೇಕು? ಕುಂಬಳೆಯಿಂದ ಏನು ಮಹಾ ದೂರ? ಆದರೂ ನಿಮ್ಮ ಕಡೆಯವರು ಕಡಿಮೆ. ಮಾವನೋ ಅಣ್ಣನೋ ಕರೆದುಕೊಂಡು ಹೋಗುವ ಲೈನು ಇದು. ಕರೆಯುವವರು ಇಲ್ಲದ ಮನೆಗೆ ಗೊತ್ತೇ ಆಗುವುದಿಲ್ಲ.

ಹತ್ತನೇ ತರಗತಿ ಪಾಸಾದವರಿಗೆ ಜಿ.ಪಿ. ರೇಟಿಂಗ್ ಅಂತ ಹಡಗಿನ ಸಾಮಾನ್ಯ ಸಿಬ್ಬಂದಿಯ ಕೋರ್ಸ್ ಇದೆ, ಆರು ತಿಂಗಳು. ಗಣಿತ, ವಿಜ್ಞಾನ ಓದಿರಬೇಕು. ಇಂಗ್ಲಿಷಿನಲ್ಲಿ ಶೇ. 40 ಬೇಕು. ಹದಿನೇಳೂವರೆ ವರ್ಷ ಆಗಿರಬೇಕು. ಕೋರ್ಸಿನ ಸಂಸ್ಥೆಗೆ ಡಿ.ಜಿ. ಶಿಪ್ಪಿಂಗ್ ಅನ್ನುವ ಕೇಂದ್ರ ಸರಕಾರದ ಹಡಗು ಇಲಾಖೆಯ ಮಾನ್ಯತೆ ಉಂಟಾ, ಕೆಲಸ ಕೊಡಿಸುವ ಏಜೆಂಟನ ಹತ್ತಿರ ಅದಕ್ಕೆ ಬೇಕಾದ ಆರ್‌ಪಿಎಸ್‌ಎಲ್ ಲೈಸೆನ್ಸ್ ಉಂಟಾ ಅಂತ ಡಿ.ಜಿ. ಶಿಪ್ಪಿಂಗ್ ವೆಬ್‌ಸೈಟಿನಲ್ಲೇ ನೋಡಬಹುದು. ಅಲ್ಲಿ ಹೆಸರಿಲ್ಲದ ಏಜೆಂಟನ ಕೈಗೆ ಒಂದು ರೂಪಾಯಿ ಕೊಡಬೇಡಿ. ನನ್ನ ಮೊದಲ ದುಡ್ಡು ಹಾಗೇ ಮುಳುಗಿತು.

ಅಕ್ಕಲಕೋಟೆ ಹುಡುಗಿ

ಆ ಅಪ್ಪನಿಗೆ ಸುರೇಖಾ ಯಾದವ್ ಅವರ ಫೋಟೊ ತೋರಿಸಿ ಟೀಚರ್. ಸತಾರಾ ಜಿಲ್ಲೆಯವರು, ಎಲೆಕ್ಟ್ರಿಕಲ್ ಡಿಪ್ಲೊಮಾ. 1988ರಲ್ಲಿ ಭಾರತದ ಮೊದಲ ಮಹಿಳಾ ರೈಲು ಚಾಲಕಿಯಾದರು. 2023ರ ಮಾರ್ಚ್‌ನಲ್ಲಿ ನಮ್ಮ ಸೊಲ್ಲಾಪುರದಿಂದ ಮುಂಬೈಗೆ ವಂದೇ ಭಾರತ್ ಓಡಿಸಿದರು. 2025ರಲ್ಲಿ ರಿಟೈರ್ ಆದರು. ನಾನು ಈಗ ಡಿಪ್ಲೊಮಾ ಎರಡನೇ ವರ್ಷ.

ಪೆರ್ಲದವಳು, ಈಗ ಕೊಚ್ಚಿ

ಫೋಟೊ ನೋಡಿ ಮಗಳು ಹೊರಡುತ್ತಾಳೆ, ಅಪ್ಪ ಕದಲುವುದಿಲ್ಲ. ರಾತ್ರಿ ಎಲ್ಲಿ ಉಳಿಯುತ್ತಾಳೆ ಅನ್ನುವುದೇ ಅವರ ಪ್ರಶ್ನೆ. ಅದು ಹಳೆಕಾಲದ ಬುದ್ಧಿ ಅಂತ ತಳ್ಳಿಹಾಕಬೇಡಿ. 2017ರಲ್ಲಿ ಕೊಚ್ಚಿ ಮೆಟ್ರೋ 23 ಮಂದಿ ಲಿಂಗತ್ವ ಅಲ್ಪಸಂಖ್ಯಾತರನ್ನು ಕೆಲಸಕ್ಕೆ ತೆಗೆದುಕೊಂಡಾಗ ದೇಶವೆಲ್ಲ ಹೊಗಳಿತು. ಕೆಲವೇ ದಿನದಲ್ಲಿ ಅವರಲ್ಲಿ ಕೆಲವರು ಕೆಲಸ ಬಿಟ್ಟರು. ಯಾಕೆ? ಬಾಡಿಗೆಗೆ ಮನೆ ಕೊಡುವವರು ಇರಲಿಲ್ಲ. ಲಾಡ್ಜಿನ ಬಾಡಿಗೆಗೆ ಸಂಬಳ ಸಾಲಲಿಲ್ಲ. ಕಾಲನಿಯ ಹುಡುಗನ ಹೆಸರು ಕೇಳಿ ರೂಮ್ ಇಲ್ಲ ಅನ್ನುವವರು ನಮ್ಮಲ್ಲೂ ಇಲ್ವಾ? ಕೆಲಸದ ಜೊತೆ ಹಾಸ್ಟೆಲ್, ಕ್ವಾರ್ಟರ್ಸ್ ಯಾವುದಕ್ಕೆ ಸಿಗುತ್ತದೆ ಅಂತ ಮೊದಲೇ ವಿಚಾರಿಸಿ.

ಹೈವೇ ಸಿವಿಲ್

ತಲಪಾಡಿ–ಚೆಂಗಳ ಭಾಗದ ಕೆಲಸದಲ್ಲಿ ಸರ್ವೆ ಮಾಡುತ್ತಿದ್ದವಳು. ಗಣಿತ ಟೀಚರಿಗೆ ಒಂದು ಕಸುಬಿನ ಗುಟ್ಟು ಕೊಡುತ್ತೇನೆ. ರಸ್ತೆ ಎಂಜಿನಿಯರುಗಳು ಗಾಡಿಯನ್ನು ಸುಮ್ನೆ ಎಣಿಸುವುದಿಲ್ಲ, ರಸ್ತೆಯಲ್ಲಿ ಎಷ್ಟು ಕಾರಿಗೆ ಸಮ ಅಂತ ತೂಗಿ ಎಣಿಸುತ್ತಾರೆ. ರಸ್ತೆಗಳ ಮಾನದಂಡ ಹೇಳುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಹಳ್ಳಿರಸ್ತೆ, ಹೆದ್ದಾರಿಗಳ ಲೆಕ್ಕದಲ್ಲಿ ಕಾರು ಮತ್ತು ರಿಕ್ಷಾ 1, ಬೈಕು ಅರ್ಧ, ಬಸ್ಸು-ಲಾರಿ 3. ಮಕ್ಕಳನ್ನು ಬಸ್‌ಸ್ಟಾಪಿನ ಹತ್ತಿರ, ರಸ್ತೆಯಿಂದ ದೂರದಲ್ಲಿ, ಒಂದು ಗಂಟೆ ಕೂರಿಸಿ ಗಾಡಿ ಎಣಿಸಲು ಹೇಳಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಆಮೇಲೆ ಕೇಳಿ: ಅಂಡರ್‌ಪಾಸ್ ಎಲ್ಲಿ ಬೇಕಿತ್ತು? ಹೆದ್ದಾರಿ ದಾಟಲು ಸುತ್ತು ಹಾಕಿ ಬರುವ ಮಕ್ಕಳ ಹತ್ತಿರ ನಮಗಿಂತ ಒಳ್ಳೆಯ ಉತ್ತರ ಇರುತ್ತದೆ. ಆಫೀಸಿನಲ್ಲಿ ಕೂತು ಗೆರೆ ಎಳೆದವರು ಆ ಸುತ್ತು ನಡೆದಿರುವುದಿಲ್ಲ. ಬೇರೆ ಬೇರೆ ಮನೆಗಳಿಂದ ಮಕ್ಕಳು ಈ ಕೆಲಸಕ್ಕೆ ಬರಬೇಕು ಅನ್ನುವುದು ನನಗೆ ಇದಕ್ಕೇ.

ಮುಂದೆ ಓದುವವರಿಗೆ ಸುರತ್ಕಲ್‌ನ ಎನ್‌ಐಟಿಕೆಯಲ್ಲೇ ಸಾರಿಗೆ ಎಂಜಿನಿಯರಿಂಗ್ ಎಂ.ಟೆಕ್ ಇದೆ. ತಿರುವನಂತಪುರದಲ್ಲಿ 1976ರಿಂದ ನ್ಯಾಟ್‌ಪ್ಯಾಕ್ ಇದೆ, ಸಾರಿಗೆಯ ಸಂಶೋಧನೆಯೇ ಅವರ ಕೆಲಸ. ಆದರೆ ಸರ್ವೆಗೆ ಡಿಪ್ಲೊಮಾ ಧಾರಾಳ ಸಾಕು.

ಕುಂಬಳೆ ಗಣಿತ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಅಪ್ಪನಿಗೆ ಲೋಕೊ ಅವರ ಉತ್ತರವನ್ನೇ ಓದಿ ಹೇಳಿದೆ. ಶೌಚಾಲಯದ ವಿಷಯ ಬಂದಾಗ "ಇವರು ನಿಜ ಹೇಳುವ ಜನ" ಅಂದರು. ಒಪ್ಪಿದರು ಅಂತಲ್ಲ. ಕಣ್ಣಿನ ಪರೀಕ್ಷೆಗೆ ಮಗಳನ್ನು ತಾವೇ ಕಾಸರಗೋಡಿಗೆ ಕರೆದುಕೊಂಡು ಹೋಗುತ್ತಾರಂತೆ, ಅಷ್ಟೇ. ಲೋಕೊ ಅಣ್ಣಾ, ರಜೆ ಇದ್ದ ದಿನ ಶಾಲೆಗೆ ಬರ್ತೀರಾ? ತುಳುವಿನಲ್ಲಿ ಮಾತಾಡಿದರೆ ಇನ್ನೂ ಒಳ್ಳೆಯದು.

ಮತ್ತೆ ಹುಡುಗನದ್ದು. ಸೆಕ್ಷನ್ ಕಂಟ್ರೋಲರ್‌ಗೆ ಏನು ಓದಬೇಕು? ಬೀಜಗಣಿತ ಎಷ್ಟು ಬೇಕು ಅಂತ ಅವನೇ ಕೇಳಿದ.

ಮಂಜೇಶ್ವರದ ಲೋಕೊ

ಡಿಗ್ರಿ ಬೇಕು, ಯಾವುದಾದರೂ ಆಗುತ್ತದೆ. ಕಣ್ಣಿನ ನಿಯಮ ಅದಕ್ಕೂ ಇದೆ, ಅವನನ್ನೂ ಅದೇ ರಿಕ್ಷಾದಲ್ಲಿ ಕಳಿಸಿ. ಬೀಜಗಣಿತ ಪರೀಕ್ಷೆಯಲ್ಲಿ ಬರುತ್ತದೆ, ತಪ್ಪಿಸಲಾಗದು. ನಾನು ಬರುತ್ತೇನೆ. ದಿನ ಮಾತ್ರ ಹಿಂದಿನ ರಾತ್ರಿ ಹೇಳುತ್ತೇನೆ, ನಮ್ಮ ಡ್ಯೂಟಿ ಹಾಗೆ.