ಮುಂಬೈ ಫೋರ್ಟ್‌ನಾಗ ಹಳೇ ಬಿಲ್ಡಿಂಗಿನ ಲಾಫ್ಟ್ ಮನಿ ಬಾಡಿಗಿಗೆ ತಗೋಬಹುದೇನ್ರಿ?

ಹುಬ್ಬಳ್ಳಿ_ಹೈದ:
ನಮಸ್ಕಾರ್ರಿ ಎಲ್ಲಾರ್ಗೂ. ಪುಣೆದಾಗಿಂದ ಮುಂಬೈಗೆ ಟ್ರಾನ್ಸ್‌ಫರ್ ಆಗೇತಿ, ಆಫೀಸು ಫೋರ್ಟ್‌ನಾಗ. ದಿನಾ ಲೋಕಲ್‌ನಾಗ ಜೋತಾಡ್ಕೋತ ಬರೂದು ನನ್ನ ಕೈಲೆ ಆಗಂಗಿಲ್ಲ ಅಂತ ಅಲ್ಲೇ ಸನೇದಾಗ ಮನಿ ಹುಡುಕಾಕತ್ತೀನಿ. ಬ್ರೋಕರ್ ಒಂದು ತೋರ್ಸ್ಯಾನ, ಬ್ರಿಟಿಷರ ಕಾಲದ ಕಲ್ಲಿನ ಬಿಲ್ಡಿಂಗು, ಮೊದಲ ಯಾವ್ದೋ ಹಡಗಿನ ಕಂಪನಿ ಆಫೀಸ್ ಇತ್ತಂತ, ಈಗ ಒಳಗೆಲ್ಲಾ ರಿನೋವೇಟ್ ಮಾಡಿ ಲಾಫ್ಟ್ ಅಪಾರ್ಟ್‌ಮೆಂಟ್ ಅಂತ ಕೊಡಾಕತ್ತಾರ. 16 ಫೂಟ್ ಸೀಲಿಂಗ್, ಸಾಗವಾನಿ ತೊಲಿ, ಅರ್ಧಕ್ಕ ಕಬ್ಬಿಣದ ಫ್ರೇಮ್ ಹಾಕಿ ಮ್ಯಾಲೊಂದು ಪೋಟಮಾಳಾ (ಅಟ್ಟ) ಮಾಡ್ಯಾರ, ಮಲಗೂದು ಅಲ್ಲೇ. ನಮ್ಮ ಮನಿಯಾಕಿ ಕಿಟಕಿ ನೋಡಿ ಇದೇ ಬೇಕು ಅಂತ ಹಠ ಹಿಡದಾಳ. ಬಾಡಿಗಿ 70 ಸಾವಿರ, ಡೆಪಾಸಿಟ್ 4 ಲಕ್ಷ, 11 ತಿಂಗಳ ಅಗ್ರಿಮೆಂಟ್. ನಾಳೆನೇ ಟೋಕನ್ ಕೊಡ್ರಿ ಅಂತ ಬ್ರೋಕರ್ ಗಂಟು ಬಿದ್ದಾನ. ಇಂಥಾದ್ರಾಗ ಇದ್ದವರು ಯಾರರ ಇದ್ರ ಸ್ವಲ್ಪ ಹೇಳ್ರಿ.

ಕುಂದಾಪ್ರ_ಕ್ಯಾಂಟೀನ್:
ಟೋಕನ್ ಕೊಡ್ಬೇಡಿ ಮಾರಾಯ್ರೆ, ಕಿಟಕಿ ಎಲ್ಲಿಗೂ ಓಡಿ ಹೋಗುದಿಲ್ಲ.

ಮೊದ್ಲು ಒಂದೇ ಪ್ರಶ್ನೆ ಕೇಳಿ, ಕೊಡುವವ ಓನರಾ ಅಥವಾ ಪಗಡಿಯವನಾ. ನಾನು ಫೋರ್ಟಲ್ಲಿ ಹೋಟೆಲ್ ಲೈನಲ್ಲಿ ಇರುವವ, ಈ ಏರಿಯಾದ ಹಳೇ ಬಿಲ್ಡಿಂಗಲ್ಲಿ ತುಂಬಾ ಕಡೆ ಒಳಗೆ ಕೂತವ ಪಗಡಿ ಬಾಡಿಗೆದಾರ, ಬಿಲ್ಡಿಂಗಿನ ಮಾಲೀಕ ಬೇರೆಯೇ. ಅಜ್ಜನ ಕಾಲದಲ್ಲಿ ದೊಡ್ಡ ಮೊತ್ತ ಕೊಟ್ಟು ಒಳಗೆ ಬಂದದ್ದು, ಈಗ್ಲೂ ತಿಂಗಳಿಗೆ ಕಟ್ಟುದು ಒಂದು ಊಟದ ದುಡ್ಡು, ಆದ್ರೆ ನಿಮ್ಮ ಹತ್ರ ತಕೊಳ್ಳುದು 70 ಸಾವಿರ! ಪಗಡಿ ಕಾನೂನುಬಾಹಿರ ಅಂತ ಅಲ್ಲ, 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲೇ ಅದಕ್ಕೆ ಜಾಗ ಉಂಟು. ಆದ್ರೆ ಮಾಲೀಕನ ಒಪ್ಪಿಗೆ ಇಲ್ಲದೆ ಅವ ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ, ಕೊಟ್ರೆ ಅದೇ ಕಾರಣಕ್ಕೆ ಅವನನ್ನು ಖಾಲಿ ಮಾಡಿಸ್ಬಹುದು, ಅವನ ಒಟ್ಟಿಗೆ ನೀವೂ ಬೀದಿಗೆ, ಡೆಪಾಸಿಟ್ ಯಾರ ಹತ್ರ ಕೇಳ್ತೀರಿ?

ಆದ್ರಿಂದ ಬಿಎಂಸಿ (ಮುಂಬೈ ಮಹಾನಗರ ಪಾಲಿಕೆ) ಪ್ರಾಪರ್ಟಿ ಟ್ಯಾಕ್ಸ್ ಬಿಲ್, ಪ್ರಾಪರ್ಟಿ ಕಾರ್ಡ್, ಸೊಸೈಟಿ ಇದ್ರೆ ಶೇರ್ ಸರ್ಟಿಫಿಕೇಟ್, ಇದೆಲ್ಲ ಯಾರ ಹೆಸರಲ್ಲಿ ಉಂಟು ನೋಡಿ. ತೋರಿಸ್ಲಿಕ್ಕೆ ಬರೀ ರೆಂಟ್ ರಸೀದಿ ಮಾತ್ರ ಇದ್ರೆ ಅವ ಪಗಡಿಯವ ಅಂತ ಅಲ್ಲಿಗೆ ಗೊತ್ತಾಯ್ತು. ಬಿಲ್ಡಿಂಗು ಬಲ್ಲಾರ್ಡ್ ಎಸ್ಟೇಟ್ ಬದಿಯದ್ದಾದ್ರೆ ಇನ್ನೊಂದು ಗಂಟು, ಅಲ್ಲಿನ ಜಾಗವೇ ಬಂದರಿನವರದ್ದು (ಮೊದ್ಲಿನ ಪೋರ್ಟ್ ಟ್ರಸ್ಟ್, ಈಗ ಮುಂಬೈ ಪೋರ್ಟ್ ಅಥಾರಿಟಿ), ಬಿಲ್ಡಿಂಗಿನವರು ಲೀಸಲ್ಲಿ ಕೂತವರು, ಲೀಸ್ ಕಾಗದ ಸಹ ಕೇಳ್ಬೇಕು.

ಅಗ್ರಿಮೆಂಟ್ ರಿಜಿಸ್ಟರ್ ಮಾಡ್ಸುದು ಓನರಿನ ಜವಾಬ್ದಾರಿ ಅಂತ ಅದೇ ಕಾಯ್ದೆಯ 55ನೇ ಸೆಕ್ಷನಲ್ಲಿ ಉಂಟು. ಸ್ಟ್ಯಾಂಪ್ ಡ್ಯೂಟಿ ಒಟ್ಟು ಬಾಡಿಗೆಯ 0.25 ಪರ್ಸೆಂಟ್, ಡೆಪಾಸಿಟ್ ಮೇಲೆ ವರ್ಷಕ್ಕೆ 10 ಪರ್ಸೆಂಟ್ ಬಡ್ಡಿ ಲೆಕ್ಕ ಹಿಡಿದು ಅದನ್ನೂ ಸೇರಿಸ್ತಾರೆ, ನಿಮ್ಮ ಲೆಕ್ಕಕ್ಕೆ 2 ಸಾವಿರದ ಸುತ್ತ, ಮೇಲೆ ರಿಜಿಸ್ಟ್ರೇಷನ್ ಫೀ ಸಾವಿರ. ಇಷ್ಟಕ್ಕೆ ಬ್ರೋಕರ್ 15 ಸಾವಿರ ಅಂದ್ರೆ ನಕ್ಕುಬಿಡಿ. ಆದ್ರೆ ರಿಜಿಸ್ಟರ್ ಆಯ್ತು ಅಂದ ಮಾತ್ರಕ್ಕೆ ಕೊಡುವವನಿಗೆ ಹಕ್ಕುಂಟು ಅಂತ ತಿಳ್ಕೊಳ್ಬೇಡಿ.

ಮೈಸೂರ್_ಸೈಟ್_ಇಂಜಿನಿಯರ್:
ಮೇಲಿನವ್ರು ಕಾಗದದ್ದು ಹೇಳಿದ್ರು, ನಾನು ಕಟ್ಟಡದ್ದು ಹೇಳ್ತೀನಿ.

ಆ ಪೋಟಮಾಳಾ ಯಾರು ಹಾಕಿದ್ದು, ಬಿಎಂಸಿ ಪರ್ಮಿಷನ್ ಇದ್ಯಾ? ನನಗೆ ಭಯ ಆಗೋದೇ ಅದು. ಹಳೇ ಕಟ್ಟಡದಲ್ಲಿ ಮರದ ತೊಲೆ ಹೋಗಿ ಗೋಡೆ ಒಳಗೆ ಕೂತಿರುತ್ತಲ್ಲ, ಆ ತುದಿನೇ ಮೊದಲು ಕೊಳೆಯೋದು, ಮಳೆ ನೀರು ಗೋಡೆಲಿ ಇಳಿದು ಇಳಿದು ಒಳಗಿಂದ ಟೊಳ್ಳಾಗಿರುತ್ತೆ, ಹೊರಗೆ ಪಾಲಿಶ್ ಹೊಡೆದು ಫಳಫಳ ಅಂತಿರುತ್ತೆ. ಅದರ ಮೇಲೆ ಕಬ್ಬಿಣದ ಫ್ರೇಮು, ಮಂಚ, ಬೀರು, ಇಬ್ಬರು ಜನ. ಫ್ರೇಮಿನ ಭಾರ ಎಲ್ಲಿ ಇಳಿಯುತ್ತೆ, ಗೋಡೆ ಮೇಲಾ, ಹಳೇ ಮರದ ನೆಲದ ಮೇಲಾ ಅಂತ ಕೇಳಿ. ನೆಲದ ಮೇಲೆ ಅಂದ್ರೆ ವಾಪಸ್ ಬನ್ನಿ. ತೊಲೆ ಗೋಡೆ ಸೇರೋ ಜಾಗದಲ್ಲಿ ಕೈಯಲ್ಲಿ ತಟ್ಟಿ ನೋಡಿ, ಟೊಳ್ಳು ಶಬ್ದ ಬಂದ್ರೆ ಗೊತ್ತಾಗುತ್ತೆ. ಫಾಲ್ಸ್ ಸೀಲಿಂಗ್ ಹೊಡೆದು ಮುಚ್ಚಿದ್ರೆ ಇನ್ನೂ ಅನುಮಾನ.

30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ, ರಿಪೋರ್ಟ್ ಕೇಳಿ. ಅದರಲ್ಲಿ ಸಿ1 ಅಂತಿದ್ರೆ ತಕ್ಷಣ ಖಾಲಿ ಮಾಡಿ ಕೆಡವ್ಬೇಕಾದ ಕಟ್ಟಡ, ಸಿ2ಎ ಅಂದ್ರೆ ಸ್ವಲ್ಪ ಭಾಗ ಖಾಲಿ ಮಾಡಿ ರಿಪೇರಿ, ಸಿ2ಬಿ ಅಂದ್ರೆ ಜನ ಇದ್ದ ಹಾಗೇ ರಿಪೇರಿ, ಸಿ3 ಸಣ್ಣಪುಟ್ಟ ರಿಪೇರಿ. ಕಟ್ಟಡ ಸೆಸ್ (ಹಳೇ ಬಾಡಿಗೆ ಕಟ್ಟಡಗಳ ರಿಪೇರಿಗೆ ಅಂತ ತಗೊಳ್ಳೋ ತೆರಿಗೆ) ಪಟ್ಟಿಯಲ್ಲಿದ್ರೆ ರಾಜ್ಯ ಸರ್ಕಾರದ ವಸತಿ ಸಂಸ್ಥೆ ಮ್ಹಾಡಾದ ರಿಪೇರಿ ಬೋರ್ಡ್ ಮಳೆಗಾಲಕ್ಕೆ ಮುಂಚೆ ಅತಿ ಅಪಾಯದ ಕಟ್ಟಡಗಳ ಲಿಸ್ಟ್ ಹಾಕುತ್ತೆ, ಅದನ್ನೂ ನೋಡ್ಕೊಳ್ಳಿ. ಸುಮ್ನೆ ಹೆದರಿಸ್ತಿಲ್ಲ, 2020ರ ಜುಲೈನಲ್ಲಿ ಇದೇ ಫೋರ್ಟ್‌ನಲ್ಲಿ ಭಾನುಶಾಲಿ ಬಿಲ್ಡಿಂಗ್ ಕುಸಿದು ಜನ ಸತ್ತಿದ್ದಾರೆ. ಕಾಲಾಘೋಡಾದ ಎಸ್ಪ್ಲನೇಡ್ ಮ್ಯಾನ್ಷನ್ ಗೊತ್ತಲ್ಲ, ಹಳೇ ವಾಟ್ಸನ್ ಹೋಟೆಲ್, 1896ರಲ್ಲಿ ಲೂಮಿಯೇರ್ ಸಹೋದರರ ಸಿನಿಮಾ ತೋರಿಸಿದ ಜಾಗ, ಅಷ್ಟು ಹೆಸರಾದ ಕಟ್ಟಡದಿಂದಲೇ 2019ರಲ್ಲಿ ಎಲ್ಲರನ್ನೂ ಹೊರಗೆ ಕಳಿಸಿದ್ರು.

ಇನ್ನು ಬೆಂಕಿ. ಮೆಟ್ಟಿಲು ಮರದ್ದಾ, ಒಂದೇನಾ? ಮೀಟರ್‌ಗಳೆಲ್ಲ ಅದೇ ಮೆಟ್ಟಿಲ ಕೆಳಗಿದ್ಯಾ? ಎರಡಕ್ಕೂ ಹೌದು ಅಂದ್ರೆ ನಾನಂತೂ ಪೋಟಮಾಳಾ ಮೇಲೆ ಮಲಗಲ್ಲ.

ಡೊಂಬಿವಲಿ_ಅಕ್ಕ:
ತಮ್ಮಾ, ಲೋಕಲ್‌ನಲ್ಲಿ ನಾವೆಲ್ಲ ಜೋತಾಡಿಕೊಂಡೇ ಬದುಕಿದ್ದೀವಿ 😄 ಫೋರ್ಟ್‌ನಲ್ಲಿ ಇರೋದೇ ಆದ್ರೆ ಭಾನುವಾರ ಒಂದ್ಸಲ ಹೋಗಿ ನೋಡು, ವಾರವೆಲ್ಲ ಗಿಜಿಗಿಜಿ, ಅವತ್ತು ಅರ್ಧ ಹೋಟೆಲ್ ಬಂದ್, ತರಕಾರಿಯವನು ಕಣ್ಣಿಗೆ ಬೀಳಲ್ಲ. ಕಾಫಿಪುಡಿ, ಬಾಳೆಲೆಗೆ ಮಾಟುಂಗಕ್ಕೇ ಹೋಗ್ಬೇಕು, ಅದಕ್ಕೂ ಲೋಕಲ್ಲೇ ಹತ್ತೋದು ಮತ್ತೆ! ನೀರು ಎಷ್ಟು ಹೊತ್ತಿಗೆ ಬಿಡ್ತಾರೆ, ಟ್ಯಾಂಕ್ ಇದ್ಯಾ ಕೇಳು. ಮೇ ತಿಂಗಳಲ್ಲಿ ಸೆಖೆಯೆಲ್ಲ ಮೇಲಕ್ಕೇ ಏರುತ್ತೆ, ಅಲ್ಲೇ ನಿಮ್ಮ ಹಾಸಿಗೆ. ಎಸಿ ಹಾಕಿಸ್ತೀನಿ ಅಂದ್ರೆ ಹೆರಿಟೇಜ್ ಬಿಲ್ಡಿಂಗಿನ ಮುಂದುಗಡೆ ಮನಸ್ಸಿಗೆ ಬಂದ ಹಾಗೆ ಡಬ್ಬ ನೇತುಹಾಕೋಕೆ ಆಗಲ್ಲ, ಅದಕ್ಕೂ ಪರ್ಮಿಷನ್ನು.

ಹುಬ್ಬಳ್ಳಿ_ಹೈದ:
ಎಲ್ಲಾರ್ಗೂ ಭಾಳ ಥ್ಯಾಂಕ್ಸ್ ರೀ. ಇವತ್ತ ಬ್ರೋಕರ್‌ಗೆ ಟ್ಯಾಕ್ಸ್ ಬಿಲ್ ಕೇಳಿದ್ನಿ, "ಅದೆಲ್ಲಾ ಯಾಕ ಸಾಹೇಬ್ರ, ರೆಂಟ್ ರಸೀದಿ ಐತಲ್ಲ" ಅಂದ. ಲೈಟ್ ಬಿಲ್ ತೋರ್ಸು ಅಂದ್ರ ಅದ್ರಾಗ ಕಮರ್ಷಿಯಲ್ ಅಂತ ಐತಿ. ಆದ್ರ ಮಾಲೀಕನ ಎನ್‌ಒಸಿ ತರಸ್ತೀನಿ ಅಂತಾನ, ತಂದ್ರ ನಡೀತದೇನು?

ಕುಂದಾಪ್ರ_ಕ್ಯಾಂಟೀನ್:
ಝೆರಾಕ್ಸ್ ಎನ್‌ಒಸಿ ತಂದ್ರೆ ತಕೊಳ್ಬೇಡಿ. ಮಾಲೀಕನೇ ಅಗ್ರಿಮೆಂಟಲ್ಲಿ ಒಪ್ಪಿಗೆ ಕೊಡುವ ಪಾರ್ಟಿಯಾಗಿ ಬಂದು ಸಹಿ ಹಾಕ್ಲಿ, ಹೆಬ್ಬೆಟ್ಟು ಒತ್ತಲಿ, ಆಗ ಮಾತಾಡುವ. ಆದ್ರೂ ಕಮರ್ಷಿಯಲ್ ಮೀಟರ್ ಅಂದ್ರೆ ಯೂನಿಟ್ ರೇಟ್ ಜಾಸ್ತಿ, ಅದಲ್ಲದೆ ಆ ಜಾಗ ಮನೆ ಅಂತ ಕಾಗದದಲ್ಲಿ ಬದಲಾಗ್ಲೇ ಇಲ್ಲ ಅಂತ ಅನುಮಾನ ಪಡ್ಬೇಕು. ನಾನಾದ್ರೆ ಬಿಡ್ತಿದ್ದೆ.

ಮೈಸೂರ್_ಸೈಟ್_ಇಂಜಿನಿಯರ್:
+1. ಎತ್ತರದ ಸೀಲಿಂಗೇ ಬೇಕಂದ್ರೆ ಚರ್ಚ್‌ಗೇಟ್, ಓವಲ್ ಮೈದಾನದ ಕಡೆ ಆರ್ಟ್ ಡೆಕೋ (1930-40ರ ದಶಕದ ಶೈಲಿ) ಬಿಲ್ಡಿಂಗ್‌ಗಳಿವೆ, ಆರ್‌ಸಿಸಿ ಕಟ್ಟಡ, ಮೊದಲಿಂದಲೂ ವಾಸಕ್ಕೇ ಅಂತ ಕಟ್ಟಿದ ಫ್ಲಾಟ್‌ಗಳು. ಬಾಡಿಗೆ ಜಾಸ್ತಿನೇ, ಪಗಡಿ ಅಲ್ಲೂ ಇದೆ, ಕಾಗದ ಅಲ್ಲೂ ಕೇಳಿ.

ಹುಬ್ಬಳ್ಳಿ_ಹೈದ:
ಆತ್ರಿ, ಫೋರ್ಟ್‌ದು ಬಿಟ್ಟೆ. ಮನಿಯಾಕಿಗೆ ಹೇಳೂದು ಒಂದು ಉಳದೈತಿ. ಅಕ್ಕಾರ, ಡೊಂಬಿವಲಿಯಾಗ 2 ಬಿಎಚ್‌ಕೆ ಎಷ್ಟಕ್ಕ ಸಿಗತಾವ್ರಿ?